ಕಿಡ್ನಿ ಡಾಕ್ಟರಿಗೂ ಒಂದು ಟೆಂಡರ್

ಕೃಷ್ಣೆಗೂ ಘಟಪ್ರಭೆಗೂ ನಡುವೆ ಒಂದು ತಾಲ್ಲೂಕು ಆಸ್ಪತ್ರೆ. ಊರಿನ ಹೆಸರು ಬೇಡ. ಯಾವುದನ್ನು ಹೇಳಿದರೂ ಪಕ್ಕದ ತಾಲ್ಲೂಕಿನವರು ‘ಅದು ನಮ್ದರೀ’ ಅಂತ ಹಕ್ಕು ಸಾಧಿಸಲು ಬರುತ್ತಾರೆ. ಅಲ್ಲಿ ಡಯಾಲಿಸಿಸ್ ಘಟಕದ ಉದ್ಘಾಟನೆ. ಯಂತ್ರ ಐದು, ಕುರ್ಚಿ ಐದು, ಫ್ಲೆಕ್ಸ್ ಹದಿನೇಳು. ಫ್ಲೆಕ್ಸಿನ ಮೇಲೆ ಕೈಮುಗಿದ ಮುಖಗಳು ಇಪ್ಪತ್ತೆರಡು, ಕಿಡ್ನಿ ಡಾಕ್ಟರದು ಒಂದೂ ಇಲ್ಲ. ಮರೆತು ಬಿಟ್ಟದ್ದಲ್ಲ. ಹಾಕೋಣವೆಂದರೆ ತಾಲ್ಲೂಕಿನಲ್ಲಿ ಒಬ್ಬರೂ ಇರಲಿಲ್ಲ.

ಯಂತ್ರ ಬಂದದ್ದು ಒಳ್ಳೆಯದೇ, ಅದರಲ್ಲಿ ಕೊಂಕಿಲ್ಲ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಗುವ ಮೊದಲು ಈ ಕಡೆಯ ಎಷ್ಟೋ ಮಂದಿ ವಾರಕ್ಕೆ ಮೂರು ಸಲ ಬೆಳಗಿನ ಬಸ್ಸು ಹಿಡಿದು ಮಿರಜಿಗೋ ಸೊಲ್ಲಾಪುರಕ್ಕೋ ಹೋಗಿ, ನಾಲ್ಕು ತಾಸು ರಕ್ತ ತೊಳೆಸಿಕೊಂಡು, ರಾತ್ರಿ ತೂಕಡಿಸುತ್ತ ಮರಳುತ್ತಿದ್ದರು. ಈಗ ಅದೇ ನಾಲ್ಕು ತಾಸು ಮನೆಯ ಹತ್ತಿರ. ನಾಲ್ಕು ತಾಸು ಅಂದದ್ದು ಉದ್ಘಾಟನೆ ಇಲ್ಲದ ದಿನದ ಮಾತು.

ಘಟಕ ಅದಾಗಲೇ ಎರಡು ವಾರದಿಂದ ನಡೆದಿತ್ತು, ಉದ್ಘಾಟನೆಯೆಂದರೆ ಫೋಟೋ. ಹಾರ-ತುರಾಯಿ ಜೋಡಿಸುವುದರಲ್ಲಿ ಬೆಳಗಿನ ಪಾಳಿ ತಡವಾಯಿತು, ಮಧ್ಯಾಹ್ನದ ಪಾಳಿಯವರು ಹೊರಗೆ ಕಾಯುತ್ತಿದ್ದರು, ಆದ್ದರಿಂದ ನಾಲ್ಕು ತಾಸು ಮೂರಾಯಿತು. ಇದರಲ್ಲಿ ಒಂದು ಸಣ್ಣ ಗಣಿತವಿದೆ. ಕಿಡ್ನಿ ಹೊರಹಾಕದ ನೀರನ್ನು ಯಂತ್ರವೇ ಎಳೆಯಬೇಕು. 60 ಕೆ.ಜಿ. ತೂಕದವರ ಮೈಯಿಂದ ತಾಸಿಗೆ ತೆಗೆಯಬಹುದಾದ ನೀರು, ಕೆ.ಜಿ.ಗೆ 13 ಮಿ.ಲೀ. ಲೆಕ್ಕದಲ್ಲಿ, 780 ಮಿ.ಲೀ. ಮೂರು ತಾಸಿಗೆ 2.3 ಲೀಟರ್. ಮೇ ತಿಂಗಳ ಬಿಸಿಲಿಗೆ ಬಾಯಾರಿ ನಾಲ್ಕು ಲೀಟರ್ ಹೊತ್ತು ಬಂದವರಿಂದ ಅಷ್ಟನ್ನೂ ಮೂರು ತಾಸಿನಲ್ಲಿ ಎಳೆದರೆ ಬಿ.ಪಿ. ಕುಸಿಯುತ್ತದೆ, ಮೀನಖಂಡ ಸೆಟೆಯುತ್ತದೆ. ಎಳೆಯದೆ ಬಿಟ್ಟರೆ ರಾತ್ರಿ ಮಲಗಿದಾಗ ಶ್ವಾಸಕೋಶಕ್ಕೆ ನೀರು ಏರುತ್ತದೆ. ಎಷ್ಟು ಎಳೆಯಬೇಕು, ಎಷ್ಟು ಬಿಡಬೇಕು, ನಾಳೆ ಮತ್ತೆ ಕರೆಯಬೇಕೆ ಎಂದು ಹೇಳಲು ಒಬ್ಬರು ಬೇಕಲ್ಲ, ಅವರೇ ಫ್ಲೆಕ್ಸಿನಲ್ಲಿ ಇಲ್ಲದವರು.

ಆಮೇಲೆ ಸನ್ಮಾನ. ಐವರು ರೋಗಿಗಳಿಗೂ ಶಾಲು ಹೊದಿಸಿದರು, ಹೊದಿಸಿದ್ದು ನೇರ ಫಿಸ್ಟುಲಾ (ಸೂಜಿ ಚುಚ್ಚಲೆಂದು ಹೊಲಿದು ಜೋಡಿಸಿದ ರಕ್ತನಾಳ) ಇರುವ ಕೈಯ ಮೇಲೆ. ಆ ಕೈಯಲ್ಲಿ 16 ಗೇಜಿನ ಎರಡು ಸೂಜಿ ಇರುತ್ತವೆ. ನಿಮಿಷಕ್ಕೆ 300 ಮಿ.ಲೀ. ರಕ್ತ ಒಂದರಿಂದ ಹೊರಗೆ, ಇನ್ನೊಂದರಿಂದ ಒಳಗೆ. ಒಳಗೆ ಹೋಗುವ ಸೂಜಿ ಜಾರಿದರೆ ಯಂತ್ರಕ್ಕೆ ಎಲ್ಲ ಸಲವೂ ಗೊತ್ತಾಗುವುದಿಲ್ಲ, ಪಂಪು ತಿರುಗುತ್ತಲೇ ಇರುತ್ತದೆ, ನಾಲ್ಕು ನಿಮಿಷದಲ್ಲಿ 1.2 ಲೀಟರ್ ಕುರ್ಚಿಯ ಕೆಳಗೆ. ಹೀಗಾಗಿ ಆ ಕೈ ಸದಾ ಕಣ್ಣಿಗೆ ಕಾಣುತ್ತಿರಬೇಕು ಎಂಬುದು ಡಯಾಲಿಸಿಸ್ ಕೋಣೆಯ ಮೊದಲ ಪಾಠ. ಶಾಲು ದಪ್ಪಗಿತ್ತು, ಜರಿ ಅಂಚಿನದು. ಟೆಕ್ನಿಷಿಯನ್ ಹುಡುಗ ಅದನ್ನು ಮೆಲ್ಲಗೆ ಸರಿಸಹೋದ. ಫೋಟೋಗ್ರಾಫರ್ ಗದರಿಸಿದ.

ಹಣ್ಣು ಹಂಪಲ ಇಲ್ಲದೆ ಯಾವ ಕಾರ್ಯಕ್ರಮ ಮುಗಿದೀತು? ತಲೆಗೆ ಎರಡು ಬಾಳೆಹಣ್ಣು, ಒಂದು ಎಳನೀರು, ವಿಜಯಪುರದ ಹೆಮ್ಮೆ ಅಂತ ಕಾಲು ಕೆ.ಜಿ. ಮಣೂಕ. ಪೊಟ್ಯಾಸಿಯಂ ದಿನಕ್ಕೆ ಸುಮಾರು 2000 ಮಿಲಿಗ್ರಾಂ ಮೀರದಿರಲಿ ಎಂದು ಹೇಳಿಸಿಕೊಂಡವರ ಮಡಿಲಿಗೆ 3000 ಮೀರಿದ ಬುಟ್ಟಿ. ರಕ್ತದಲ್ಲಿ ಅದು ಲೀಟರಿಗೆ 6.5 ಮಿಲಿಮೋಲ್ ದಾಟಿದರೆ, ಇಸಿಜಿಯಲ್ಲಿ ಗೋಲಗುಮ್ಮಟದ ಹಾಗೆ ದುಂಡಗಿರಬೇಕಾದ ಟಿ ಅಲೆ ಗುಡಿಯ ಶಿಖರದ ಹಾಗೆ ಚೂಪಾಗುತ್ತ ಹೋಗಬಹುದು. ಅಲ್ಲಿಂದ ಮುಂದೆ ಹೃದಯ ನಿಲ್ಲಲು ಹೆಚ್ಚು ಹೊತ್ತು ಬೇಕಿಲ್ಲ. ಬುಟ್ಟಿಯ ಮೇಲೆ ‘ಶೀಘ್ರ ಗುಣಮುಖರಾಗಿ’ ಎಂಬ ಚೀಟಿ ಇತ್ತು.

ಕೊನೆಗೆ ಭಾಷಣ. ಯಾರೋ ಹಿಂದಿನ ಸಾಲಿನಿಂದ, ‘ಕಿಡ್ನಿ ಡಾಕ್ಟ್ರು ಯಾವಾಗ ಬರ್ತಾರ್ರೀ?’ ಎಂದು ಕೇಳಿಬಿಟ್ಟರು. ಭಾಷಣ ಮಾಡುತ್ತಿದ್ದ ಸಾಹೇಬರು ಗಾಬರಿಯಾಗಲಿಲ್ಲ. ‘ಮಷೀನ್ ಮೂರು ತಿಂಗಳ್ದಾಗ ತರಿಸೇವಿ. ಡಾಕ್ಟರ್ ತರಸೂದು ಏನ್ ದೊಡ್ಡ ಮಾತು? ಟೆಂಡರ್ ಕರೀತೀವಿ.’ ಚಪ್ಪಾಳೆ ಬಿತ್ತು.

ಯೋಚಿಸಿ ನೋಡಿದರೆ ಕೆಟ್ಟ ಉಪಾಯವೇನಲ್ಲ. ಪಾರದರ್ಶಕ ಖರೀದಿಗೆ ರಾಜ್ಯದಲ್ಲಿ 1999ರಿಂದ ಕಾಯ್ದೆಯೇ ಇದೆ. ಸಾಮಗ್ರಿ: ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್), 1 ನಗ. ತೊಡಕು ಶುರುವಾಗುವುದು ‘ಪೂರೈಕೆ ಅವಧಿ’ ಎಂಬ ಕಲಮಿನಲ್ಲಿ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿ ಮೂರು, ಅದರ ಮೇಲೆ ನೆಫ್ರಾಲಜಿಯ ಡಿಎಂ ಅಥವಾ ಡಿಆರ್‌ಎನ್‌ಬಿ ಇನ್ನೂ ಮೂರು. ಅಮೆರಿಕದವರು ಇದನ್ನೇ ಫೆಲೋಶಿಪ್ ಎಂದು ಕರೆದು ಎರಡು ವರ್ಷಕ್ಕೆ ಮುಗಿಸುತ್ತಾರೆ, ನಾವು ಮೂರು. ಒಟ್ಟು ಹನ್ನೊಂದೂವರೆ ವರ್ಷ, ಅದೂ ಎಲ್ಲ ಪ್ರವೇಶ ಪರೀಕ್ಷೆ ಒಂದೇ ಏಟಿಗೆ ಪಾಸಾದರೆ. ಇವತ್ತು ಪಿಯುಸಿ ಮುಗಿಸಿದ ಹುಡುಗಿಗೆ ಇವತ್ತೇ ವರ್ಕ್ ಆರ್ಡರ್ ಕೊಟ್ಟರೂ ಆಕೆ ಬಂದು ಸೇರುವ ಹೊತ್ತಿಗೆ ಎರಡು ವಿಧಾನಸಭೆ ಚುನಾವಣೆ ಮುಗಿದಿರುತ್ತವೆ, ಈ ಐದು ಯಂತ್ರ ಗುಜರಿಗೆ ಹೋಗಿರುತ್ತವೆ, ಫ್ಲೆಕ್ಸಿನ ಮುಖಗಳು ಪಕ್ಷ ಬದಲಿಸಿರುತ್ತವೆ.

ಇನ್ನು ತಾಂತ್ರಿಕ ಅರ್ಹತೆ. ಮೊದಲನೆಯದು, ಅಚ್ಚರಿಯೆನಿಸಬಹುದು, ನೀರು. ಯಂತ್ರದೊಳಗೆ ನಿಮಿಷಕ್ಕೆ 500 ಮಿ.ಲೀ. ದ್ರಾವಣ ಹರಿಯುತ್ತದೆ, ನಾಲ್ಕು ತಾಸಿಗೆ 120 ಲೀಟರ್, ವಾರಕ್ಕೆ 360. ನೀವು ನಾವು ಕುಡಿಯುವ ನೀರು ಕರುಳಿನ ಮೂಲಕ ಸೋಸಿ ರಕ್ತ ಸೇರುತ್ತದೆ. ಇಲ್ಲಿ ನೀರಿಗೂ ರಕ್ತಕ್ಕೂ ನಡುವೆ ಕೂದಲಿಗಿಂತ ತೆಳುವಾದ ಪೊರೆಯೊಂದೇ ಗೋಡೆ. ಬ್ರೆಜಿಲ್‌ನ ಕರುವಾರುವಿನಲ್ಲಿ 1996ರಲ್ಲಿ ಕೆರೆಯ ಪಾಚಿಯ ವಿಷ ಸೋಸದೆ ಯಂತ್ರಕ್ಕೆ ಹೋಗಿ ಐವತ್ತಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳು ಸತ್ತರು. ನಮ್ಮ ಕಡೆಯ ಅಪಾಯ ಇನ್ನೂ ಸಾದಾ: ಹೊಳೆಗೆ ಹೊಸ ನೀರು ಬಂದಾಗ, ವಾಂತಿ-ಭೇದಿ ಹಬ್ಬೀತೆಂದು ನೀರು ಸರಬರಾಜಿನವರು ಬ್ಲೀಚಿಂಗ್ ಪೌಡರನ್ನು ಧಾರಾಳವಾಗಿ ಸುರಿಯುತ್ತಾರೆ. ಊರಿಗೆ ಅದು ಒಳ್ಳೆಯದು. ಆದರೆ ಆ ಪೌಡರಿನ ಕ್ಲೋರಿನ್ ಹೊಳೆನೀರಿನ ಕೊಳೆಯ ಜೊತೆ ಸೇರಿ ಆಗುವ ಕ್ಲೋರಮೈನ್ ಎಂಬುದು ಆರ್‌ಓ ಪೊರೆಯನ್ನು ದಾಟಿ ಬರುತ್ತದೆ, ರಕ್ತಕಣಗಳನ್ನು ಒಡೆಯುತ್ತದೆ. ಅದನ್ನು ಹಿಡಿಯುವುದು ಆರ್‌ಓ ಮುಂಚಿನ ಇದ್ದಿಲ ಟ್ಯಾಂಕು. ಎರಡು ಟ್ಯಾಂಕು ಒಂದರ ಹಿಂದೊಂದು ಇರಬೇಕು, ಪ್ರತಿ ಪಾಳಿಗೆ ಮುಂಚೆ ಮೊದಲ ಟ್ಯಾಂಕಿನ ನಂತರದ ನಲ್ಲಿಯಿಂದ ನೀರು ಹಿಡಿದು ಪರೀಕ್ಷಿಸಬೇಕು, ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿಲಿಗ್ರಾಂ ಮೀರಿದರೆ ಎರಡನೆಯ ಟ್ಯಾಂಕಿನ ನಂತರವೂ ನೋಡಬೇಕು, ಅಲ್ಲೂ ಮೀರಿದ್ದರೆ ಯಾರನ್ನೂ ಯಂತ್ರಕ್ಕೆ ಹಚ್ಚಬಾರದು. ಪರೀಕ್ಷೆಗೆ ಬೇಕಾದದ್ದು ಒಂದು ಟೆಸ್ಟ್ ಸ್ಟ್ರಿಪ್, ಐದು ನಿಮಿಷ, ಮತ್ತು ‘ಇವತ್ತು ಬಂದ್’ ಎಂದು ಹೇಳುವ ಅಧಿಕಾರ. ಮೂರನೆಯದು ಗುತ್ತಿಗೆ ನೌಕರನ ಹತ್ತಿರ ಇರುವುದಿಲ್ಲ.

ಇದ್ದಿಲಿನ ಪಕ್ಕದಲ್ಲಿ ಸಾಫ್ಟ್‌ನರ್ ಟ್ಯಾಂಕು. ಬೋರಿನ ಗಡಸು ನೀರಿನ ಸುಣ್ಣವನ್ನು ಅದು ಹಿಡಿದಿಡುತ್ತದೆ. ತುಂಬಿದಾಗ ಉಪ್ಪುನೀರು ಹಾಯಿಸಿ ತೊಳೆಯಬೇಕು. ಚೀಲಗಟ್ಟಲೆ ಉಪ್ಪು ಬೇಕು. ತೊಳೆಯದಿದ್ದರೆ ಆರ್‌ಓ ಪೊರೆಗೆ ಸುಣ್ಣ ಕಟ್ಟುತ್ತದೆ, ಪೊರೆಯೂ ಕೈಕೊಟ್ಟರೆ ಸುಣ್ಣ ನೇರ ರಕ್ತಕ್ಕೆ: ವಾಂತಿ, ತಲೆಶೂಲೆ, ಏರಿದ ಬಿ.ಪಿ. ಉಪ್ಪಿನ ಇಂಡೆಂಟು ಲೆಕ್ಕಪತ್ರ ಶಾಖೆಗೆ ಹೋಯಿತು. ಷರಾ ಬರೆದು ಹಿಂತಿರುಗಿತು: ‘ಕಿಡ್ನಿ ರೋಗಿಗಳಿಗೆ ಉಪ್ಪು ನಿಷಿದ್ಧವೆಂದು ಘಟಕದ ಗೋಡೆಯ ಮೇಲೆಯೇ ಬರೆಯಲಾಗಿದೆ. ಹೀಗಿರುವಾಗ ತಿಂಗಳಿಗೆ ನಾಲ್ಕು ಚೀಲ ಉಪ್ಪಿನ ಅಗತ್ಯವನ್ನು ಸಮರ್ಥಿಸುವುದು.’ ಬರೆದವರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಸಮರ್ಥಿಸಿ ಸಹಿ ಹಾಕಬೇಕಾದ ಕುರ್ಚಿ ಮಾತ್ರ ಖಾಲಿ.

ಡಯಾಲೈಜರ್ (ರಕ್ತ ಸೋಸುವ ಕೊಳವೆ) ಮರುಬಳಕೆಯ ವಿಚಾರ ಚುಟುಕಾಗಿ ಹೇಳಬಹುದು. ತೊಳೆದ ಮೇಲೆ ಅದರೊಳಗೆ ಹಿಡಿಯುವ ದ್ರವದ ಅಳತೆ ಮೂಲದ 80 ಪ್ರತಿಶತಕ್ಕಿಂತ ಕಡಿಮೆಯಾದರೆ ಎಸೆಯಬೇಕು. ನಮ್ಮ ಘಟಕದ ರಿಜಿಸ್ಟರಿನಲ್ಲಿ ಎಲ್ಲವೂ 81.

ಎರಡನೆಯ ಅರ್ಹತೆ ಸೂಜಿ. ಕಿಡ್ನಿಯ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಬೇಕು: ರೋಗಿಯನ್ನು ಬೋರಲು ಮಲಗಿಸಿ, ಅಲ್ಟ್ರಾಸೌಂಡಿನಲ್ಲಿ ಸಾಮಾನ್ಯವಾಗಿ ಎಡ ಕಿಡ್ನಿಯ ಕೆಳತುದಿ ಹಿಡಿದು, ಉಸಿರು ಬಿಗಿಹಿಡಿಸಿ, ಸೂಜಿಯ ಗನ್ನು ಒತ್ತಬೇಕು. ಒತ್ತುವುದು ಒಂದು ಕ್ಷಣದ ಕೆಲಸ. ಅದಕ್ಕೆ ಮುಂಚೆ ಬಿ.ಪಿ. ಇಳಿಸಿ, ಪ್ಲೇಟ್‌ಲೆಟ್ ನೋಡಿ, ಆಸ್ಪಿರಿನ್ ನಿಲ್ಲಿಸಿ, ಆಮೇಲೆ ತಾಸುಗಟ್ಟಲೆ ಅಲುಗದಂತೆ ಮಲಗಿಸಿ ಮೂತ್ರದ ಬಣ್ಣ ಕಾಯುವುದು ಕಸುಬು. ಸಿಕ್ಕ ದಾರದಂಥ ತುಣುಕುಗಳನ್ನು ಬೇರೆ ಬೇರೆ ಬಾಟಲಿಗೆ ಹಾಕಬೇಕು: ಒಂದು ಫಾರ್ಮಲಿನ್‌ಗೆ, ಇಮ್ಯುನೋಫ್ಲೋರೆಸೆನ್ಸ್‌ನದು, ಅಂದರೆ ಹೊಳೆಯುವ ಬಣ್ಣ ಹಚ್ಚಿ ನೋಡುವ ಪರೀಕ್ಷೆಯದು, ಮಿಶೆಲ್ಸ್ ದ್ರಾವಣಕ್ಕೆ; ಫಾರ್ಮಲಿನ್ ತಗುಲಿದರೆ ಈ ಪರೀಕ್ಷೆ ಆಗದು. ಬೆಂಗಳೂರಿನ ಪ್ಯಾಥಾಲಜಿಗೆ ರಾತ್ರಿ ಬಸ್ಸಿನಲ್ಲಿ ಐನೂರು ಕಿಲೋಮೀಟರ್ ಹೋಗಬೇಕಲ್ಲ, ಕೆಡಬಾರದೆಂಬ ಕಾಳಜಿಯಿಂದ ಯಾರೋ ಪುಣ್ಯಾತ್ಮರು ಎರಡನ್ನೂ ಫಾರ್ಮಲಿನ್‌ಗೇ ಹಾಕುತ್ತಾರೆ. ವಾರದ ನಂತರ ವರದಿ ಬರುತ್ತದೆ: ‘ಇಮ್ಯುನೋಫ್ಲೋರೆಸೆನ್ಸ್‌ಗೆ ಅಂಗಾಂಶ ಬಂದಿಲ್ಲ.’ ಐಜಿಎ ಎಂಬ ಕಿಡ್ನಿ ಕಾಯಿಲೆಯೋ ಮತ್ತೊಂದೋ ಎಂದು ತೀರ್ಮಾನಿಸಲು ಮತ್ತೆ ಬೋರಲು ಮಲಗಬೇಕು.

ಮೂರನೆಯದು ರಕ್ತನಾಳ ಉಳಿಸುವುದು, ಇದರಲ್ಲಿ ಇಡೀ ಜಿಲ್ಲೆ ಎದುರಾಳಿ. ಮಣಿಕಟ್ಟಿನ ಹತ್ತಿರ ಅಪಧಮನಿಗೂ ಅಭಿಧಮನಿಗೂ ಹೊಲಿಗೆ ಹಾಕಿ ಮಾಡುವ ಫಿಸ್ಟುಲಾವನ್ನು ನ್ಯೂಯಾರ್ಕಿನ ಬ್ರೆಶಿಯಾ ಮತ್ತು ಚಿಮಿನೋ 1966ರಲ್ಲಿ ಜಗತ್ತಿಗೆ ತಿಳಿಸಿದರು. ಅದು ಬಲಿಯಲು ಆರು ವಾರದಿಂದ ಮೂರು ತಿಂಗಳು ಬೇಕು, ಅಂದರೆ ಡಯಾಲಿಸಿಸ್ ಬೀಳುವ ಎಷ್ಟೋ ಮುಂಚೆ ಯಾರಾದರೂ ಹೇಳಬೇಕು. ಹೇಳಿದರೂ ನಾಳ ಎಲ್ಲಿದೆ? ನಮ್ಮಲ್ಲಿ ಜ್ವರ ಬಂದರೆ, ಕಬ್ಬು ಕಡಿದು ಸುಸ್ತಾದರೆ, ಕೈಕಾಲು ಹರಿದರೆ ಒಂದೇ ಮಾತು: ‘ಡಾಕ್ಟ್ರ, ಒಂದ್ ಸಲಾಯಿನ್ ಹಚ್ಚಿಬಿಡ್ರಿ.’ ಹಚ್ಚದವರು ಡಾಕ್ಟರೇ ಅಲ್ಲ. ಹತ್ತು ವರ್ಷ ಮಣಿಕಟ್ಟಿಗೇ ಚುಚ್ಚಿಸಿಕೊಂಡ ನಾಳ ಹಗ್ಗದಂತಾಗಿರುತ್ತದೆ, ಜೊತೆಗೆ ಚುಚ್ಚಿದ ನೋವಿನ ಇಂಜೆಕ್ಷನ್ ಕಿಡ್ನಿಯ ಕೆಲಸವನ್ನೂ ಅಷ್ಟಷ್ಟು ಮುಗಿಸಿರುತ್ತದೆ. ಕೊನೆಗೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ ರಕ್ತದ ಕಸ) 12 ಆದಾಗ ಬಂದು ಕುತ್ತಿಗೆಗೆ ಕ್ಯಾಥೆಟರ್ ನಳಿಕೆ. ಸಕ್ಕರೆ ಕಾರ್ಖಾನೆ ಇಷ್ಟೊಂದಿರುವ ನಾಡಿನಲ್ಲಿ ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ವರ್ಷಕ್ಕೊಮ್ಮೆ ಅಲ್ಬುಮಿನ್ ಎಂಬ ಪ್ರೋಟೀನ್ ನೋಡಿ, ಗುಳಿಗೆ ಸರಿಮಾಡಿ, ಡಯಾಲಿಸಿಸ್ಸನ್ನೇ ಐದಾರು ವರ್ಷ ಹಿಂದೆ ತಳ್ಳುವುದು ಕಿಡ್ನಿ ಡಾಕ್ಟರರ ದೊಡ್ಡ ಕೆಲಸ. ಆ ಕೆಲಸಕ್ಕೆ ಕತ್ತರಿಸಲು ರಿಬ್ಬನ್ ಸಿಗುವುದಿಲ್ಲವಾಗಿ ಟೆಂಡರಿನಲ್ಲಿ ಸೇರಿಸಿಲ್ಲ.

ಇಷ್ಟು ಕಲಿಯಲು ಜನ ಮುಗಿಬೀಳುತ್ತಾರೆಯೇ? ಸೂಪರ್ ಸ್ಪೆಷಾಲಿಟಿ ಕೌನ್ಸೆಲಿಂಗಿನಲ್ಲಿ ಹೃದಯ, ಹೊಟ್ಟೆ ಮೊದಲೇ ಖರ್ಚಾಗುತ್ತವೆ. ಕಿಡ್ನಿ ಸೀಟು ಸಂತೆ ಮುಗಿಯುವ ಹೊತ್ತಿನ ಬದನೆಕಾಯಿಯಂತೆ ಉಳಿದದ್ದನ್ನು ಹಂಚುವ ಮಾಪ್-ಅಪ್ ಸುತ್ತಿನ ತನಕ ಕಾಯುತ್ತದೆ, ಕೆಲವು ಖಾಲಿಯೇ ಉಳಿಯುತ್ತವೆ. ಕಾರಣ ಗುಟ್ಟೇನಲ್ಲ. ರಾತ್ರಿ ಎರಡಕ್ಕೆ ಪೊಟ್ಯಾಸಿಯಂ 7 ಎಂದು ಫೋನ್ ಬಂದರೆ ಬೆಳಗಿನ ತನಕ ತಡೆಯಲಾಗದು, ತಾಲ್ಲೂಕಿಗೆ ಒಬ್ಬರೇ ಆದರೆ ವರ್ಷದ 365 ರಾತ್ರಿಯೂ ಅವರದೇ. ಪ್ರವೇಶದ ಮಟ್ಟ ಇಳಿಸಿದರೆ ಸೀಟು ತುಂಬುತ್ತದೆಂಬ ವಾದವೂ ಇದೆ. 2023ರಲ್ಲಿ ಎಂಡಿ ಸೇರಲು ಬರೆಯುವ ನೀಟ್ ಪಿಜಿಯ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿ ಆಗಿದೆ; ಅದಕ್ಕಿಂತ ಕೆಳಗೆ ಹೋಗಲು ಇನ್ನು ಬೋರು ಕೊರೆಯಬೇಕು.

ಹೀಗಾಗಿ ಸಮಿತಿಯೊಂದು ಅಡ್ಡದಾರಿ ಸೂಚಿಸಿತು: ಹದಿನೈದು ದಿನದ ಆನ್‌ಲೈನ್ ಫೆಲೋಶಿಪ್. ಮೂರು ವರ್ಷದ ಪಾಠ ಹದಿನಾಲ್ಕು ವಿಡಿಯೋದಲ್ಲಿ, ಹದಿನೈದನೆಯ ದಿನ ಪ್ರಮಾಣಪತ್ರ ಮತ್ತು ಗ್ರೂಪ್ ಫೋಟೋ. ಬೋರ್ಡಿನ ಮೇಲೆ ‘ಫೆಲೋ’ ಎಂಬ ಅಕ್ಷರ ಎಷ್ಟು ದಪ್ಪ ಇರಬೇಕೆಂಬ ಬಗ್ಗೆ ಮಾತ್ರ ಸಮಿತಿಯಲ್ಲಿ ಭಿನ್ನಮತ ಬಂತು.

ಟೆಂಡರ್ ತೆರೆದ ದಿನ ಮೂರು ಬಿಡ್ ಇದ್ದವು. ಒಬ್ಬರು ತಿಂಗಳಿಗೆ ಎರಡು ಭಾನುವಾರ ಬಂದು ಹದಿನೈದು ದಿನದ ಸಹಿ ಒಟ್ಟಿಗೆ ಹಾಕಿಕೊಡುವುದಾಗಿ ಬರೆದಿದ್ದರು. ಇನ್ನೊಬ್ಬರದು ವಿಡಿಯೋ ಕಾಲ್, ನೆಟ್‌ವರ್ಕ್ ಸಿಕ್ಕಲ್ಲಿಂದ. ಮೂರನೆಯದು ತಹಶೀಲ್ದಾರ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯದು: ‘ಕಿಡ್ನಿ ತಜ್ಞರು’ ಎಂದು ಕೆತ್ತಿದ ರಬ್ಬರ್ ಸ್ಟಾಂಪ್, ಇಂಕ್ ಪ್ಯಾಡ್ ಸಹಿತ 350 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ, ಪೂರೈಕೆ ಅದೇ ಸಂಜೆ.

ಕಡಿಮೆ ದರದವರಿಗೇ ಕೊಡಬೇಕೆಂಬುದು ನಿಯಮ. ಸ್ಟಾಂಪ್ ಬಂದ ಮೇಲೆ ಮೊದಲು ಒತ್ತಿದ್ದು ಉಪ್ಪಿನ ಇಂಡೆಂಟಿಗೆ. ಅದು ಮೊನ್ನೆ ವಾಪಸ್ ಬಂದಿದೆ: ‘ತಜ್ಞರು ಸ್ವತಃ ಹಾಜರಾಗಿ ಸಮರ್ಥಿಸುವುದು.’