ಕೋಡ್ ಮುಟ್ಟುವ ಮುನ್ನ ತಂತಿಯನ್ನು ಅಳೆಯಿರಿ

ಮೈಕ್ರೋಕಂಟ್ರೋಲರ್‌ನಿಂದ ಕಂಪ್ಯೂಟರ್‌ಗೆ ಸೀರಿಯಲ್ ಮೂಲಕ, ಅಂದರೆ ಒಂದೇ ತಂತಿಯಲ್ಲಿ ಒಂದೊಂದೇ ಬಿಟ್ (0 ಅಥವಾ 1) ಆಗಿ, ನಾಲ್ಕು ಅಕ್ಷರ ಕಳುಹಿಸುವ ಕೋಡ್ ಕೈಕೊಟ್ಟಾಗ ನಮ್ಮ ವಿದ್ಯಾರ್ಥಿಗಳು ಮೊದಲು ತಿದ್ದಲು ಹೊರಡುವುದು ಆ ಕೋಡನ್ನೇ. ಒಂದು ಸಾಲು ಅಳಿಸುತ್ತಾರೆ, ಇನ್ನೊಬ್ಬರ ಕೋಡ್ ತಂದು ಅಂಟಿಸುತ್ತಾರೆ, ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ವೇಗ) ಬದಲಿಸುತ್ತಾರೆ. ತಂತಿಯ ಮೇಲೆ ನಿಜವಾಗಿ ಏನು ಹರಿಯುತ್ತಿದೆ ಎಂದು ನೋಡುವವರು ತೀರಾ ಕಡಿಮೆ. ಹಲವು ವರ್ಷಗಳಿಂದ ಇದೇ ಕೆಲಸದಲ್ಲಿರುವ ನನಗೆ ಇದು ಮನಸ್ಸಿಗೆ ನೋವು ತರುವ ವಿಷಯ, ಏಕೆಂದರೆ ಹೀಗೆ ವಾರಗಟ್ಟಲೆ ಒದ್ದಾಡಿದ ಮಕ್ಕಳು ಕೊನೆಗೆ ‘ಹಾರ್ಡ್‌ವೇರ್ ನನಗೆ ಒಗ್ಗುವುದಿಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ.

ಕಳೆದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ, ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಸಿಕ್ಕಿಸುವ ಬ್ರೆಡ್‌ಬೋರ್ಡ್ ಹಿಡಿದುಕೊಂಡು ಮನೆಗೆ ಬಂದ. ಎಂಜಿನಿಯರಿಂಗ್ ಅಂತಿಮ ವರ್ಷ. ಮಣ್ಣಿನ ತೇವ ಅಳೆದು ಪಂಪ್ ನಡೆಸುವ ಪ್ರಾಜೆಕ್ಟ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರಸ್ತೆಯಿಂದ ತಂದ ಹೊಚ್ಚ ಹೊಸ ಎಟಿಮೆಗಾ328ಪಿ ಚಿಪ್, ಪಕ್ಕದಲ್ಲಿ ಚಿಪ್ಪಿನ ಗಡಿಯಾರಕ್ಕೆ ಮಿಡಿತ ಕೊಡಬೇಕಾದ 16 ಮೆಗಾಹರ್ಟ್ಸ್ ಕ್ರಿಸ್ಟಲ್, ಕೋಡಿನಲ್ಲಿ 9600 ಬಾಡ್. ಪರದೆಯ ಮೇಲೆ ಮಾತ್ರ ಅರ್ಥವಿಲ್ಲದ ಚೌಕಗಳು. “ಸರ್, ಮೂರು ಜನರ ಕೋಡ್ ಹಾಕಿ ನೋಡಿದೆ. ಬಾಡ್ ರೇಟನ್ನೂ ಎರಡೂ ಕಡೆ 2400ರಿಂದ 115200ರವರೆಗೆ ಬದಲಿಸಿದೆ. ಚಿಪ್ಪೇ ಕೆಟ್ಟಿರಬೇಕು” ಎಂದ.

ಮೊದಲು ಚಿಪ್ಪನ್ನು ಬಿಡಿಸಿ, ಅದನ್ನು ಕಂಪ್ಯೂಟರ್‌ಗೆ ಜೋಡಿಸುವ ಯುಎಸ್‌ಬಿ ಕನ್ವರ್ಟರ್‌ನ ಟಿಎಕ್ಸ್ (ಕಳುಹಿಸುವ) ಮತ್ತು ಆರ್‌ಎಕ್ಸ್ (ಸ್ವೀಕರಿಸುವ) ಪಿನ್‌ಗಳನ್ನು ಒಂದು ತಂತಿಯಿಂದ ಜೋಡಿಸಿದೆವು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಹಾಗೆಯೇ ಮರಳಿ ಬಂತು. ಅಂದರೆ ಕಂಪ್ಯೂಟರ್, ಡ್ರೈವರ್, ಕೇಬಲ್ ಮೂರೂ ಸರಿಯಾಗಿದ್ದವು. ಎರಡೂ ಕಡೆಯ ಗ್ರೌಂಡ್ (ಸೊನ್ನೆ ವೋಲ್ಟಿನ ತಂತಿ) ಒಂದಾಗಿದೆಯೇ ಎಂದು ನೋಡಿದೆವು, ಆಗಿತ್ತು. ಆಮೇಲೆ ಚಿಪ್ಪಿಗೆ ಬೇರೇನೂ ಕೆಲಸ ಕೊಡದೆ ಇಂಗ್ಲಿಷಿನ ದೊಡ್ಡ ‘ಯು’ ಅಕ್ಷರವೊಂದನ್ನೇ ಬಿಡುವಿಲ್ಲದೆ ಕಳುಹಿಸುವಂತೆ ಹೇಳಿದೆ. ಆ ಅಕ್ಷರದ ಎಂಟು ಬಿಟ್‌ಗಳು ತಂತಿಯ ಮೇಲೆ 1, 0, 1, 0 ಎಂದು ಸಾಲಾಗಿ ಹೊರಡುತ್ತವೆ. ಮುಂದೆ ಸ್ಟಾರ್ಟ್ ಬಿಟ್‌ನ ಸೊನ್ನೆ, ಹಿಂದೆ ಸ್ಟಾಪ್ ಬಿಟ್‌ನ ಒಂದು ಸೇರಿದರೆ ಎಲ್ಲಿಯೂ ಲಯ ತಪ್ಪದ ಚೌಕದಲೆ ಸಿಗುತ್ತದೆ. ಎರಡು ಬಿಟ್‌ಗೆ ಒಂದು ಆವರ್ತ. ಆದ್ದರಿಂದ 9600 ಬಾಡ್‌ನಲ್ಲಿ ತಂತಿಯ ಮೇಲೆ 4800 ಹರ್ಟ್ಸ್ ಕಾಣಬೇಕು. ಇದಕ್ಕೆ ದುಬಾರಿ ಆಸಿಲೋಸ್ಕೋಪ್ ಬೇಕಿಲ್ಲ, ಹರ್ಟ್ಸ್ ಅಳೆಯಬಲ್ಲ ಸಾಧಾರಣ ಮಲ್ಟಿಮೀಟರ್ ಸಾಕು.

ಮೀಟರ್ ತೋರಿಸಿದ್ದು ಸುಮಾರು 300. ಹುಡುಗ ಮನಸ್ಸಿನಲ್ಲೇ ಭಾಗಿಸಿ, “ಹದಿನಾರು ಪಟ್ಟು ಕಡಿಮೆ ಸರ್” ಎಂದ. ಕೋಡು ಗಡಿಯಾರವನ್ನು 16 ಮೆಗಾಹರ್ಟ್ಸ್ ಎಂದು ನಂಬಿಕೊಂಡಿತ್ತು, ಚಿಪ್ ಓಡುತ್ತಿದ್ದದ್ದು 1 ಮೆಗಾಹರ್ಟ್ಸ್‌ನಲ್ಲಿ. ಈ ಚಿಪ್ ಕಾರ್ಖಾನೆಯಿಂದ ಹೊರಬರುವಾಗ ತನ್ನೊಳಗಿನ 8 ಮೆಗಾಹರ್ಟ್ಸ್ ಆಂದೋಲಕವನ್ನೇ ಎಂಟರಿಂದ ಭಾಗಿಸಿಕೊಂಡು ನಡೆಯುವಂತೆ ವಿದ್ಯುತ್ ಹೋದರೂ ಉಳಿಯುವ ಸೆಟ್ಟಿಂಗ್‌ಗಳಾದ ಅದರ ಫ್ಯೂಸ್ ಬಿಟ್‌ಗಳನ್ನು ಹೊಂದಿಸಿರುತ್ತಾರೆ. ಪಕ್ಕದಲ್ಲಿ ಸಿಕ್ಕಿಸಿದ ಕ್ರಿಸ್ಟಲ್ ಕಡೆಗೆ ಅದು ತಿರುಗಿಯೂ ನೋಡುವುದಿಲ್ಲ. ಗಡಿಯಾರವನ್ನು ಆರಿಸುವ ಲೋ ಫ್ಯೂಸ್ ಓದಿದಾಗ ಹೆಕ್ಸ್ (ಹದಿನಾರರ ಮೂಲದ ಸಂಖ್ಯೆ) 62 ಇತ್ತು, ಹೊರಗಿನ ಕ್ರಿಸ್ಟಲನ್ನೇ ಬಳಸುವಂತೆ ಅದನ್ನು ಎಫ್‌ಎಫ್ ಮಾಡಿದೆವು. ಕೋಡಿನ ಒಂದಕ್ಷರವನ್ನೂ ತಿದ್ದದೆ ಪರದೆಯ ಮೇಲೆ ಸಾಲುಗಟ್ಟಿ ‘ಯು’ ಬಂತು. ಬಾಡ್ ರೇಟನ್ನು ಎಷ್ಟು ಬದಲಿಸಿದರೂ ಪ್ರಯೋಜನವಾಗದಿದ್ದದ್ದು ಏಕೆಂದು ಅವನಿಗೆ ಆಗ ಹೊಳೆಯಿತು: ಪ್ರತಿಸಲವೂ ಅದೇ ಹದಿನಾರರ ಅಂತರ ಉಳಿದೇ ಇತ್ತು.

ಅವನು ಮೀಟರನ್ನು ಮತ್ತೆ ಹಿಡಿದು, “4800 ಅಲ್ಲ ಸರ್, 4808 ಇದೆ, ಏಕೆ?” ಎಂದು ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. 16 ಮೆಗಾಹರ್ಟ್ಸ್ ಗಡಿಯಾರದಿಂದ 9600 ಪೂರ್ತಿಯಾಗಿ ಒಡೆದುಬರುವುದಿಲ್ಲ. ಗಡಿಯಾರವನ್ನು ಎಷ್ಟರಿಂದ ಭಾಗಿಸಬೇಕೆಂದು ಹೇಳುವ ಬಾಡ್ ರಿಜಿಸ್ಟರ್‌ಗೆ ಲೆಕ್ಕದಲ್ಲಿ 103.17 ಬೇಕು, ಹಾಕಲಾಗುವುದು ಪೂರ್ಣಾಂಕವಾದ 103 ಮಾತ್ರ. ಹೀಗೆ ಉಳಿಯುವ ತಪ್ಪು ಶೇಕಡಾ 0.2ರಷ್ಟು, ನಿರುಪದ್ರವಿ. ಸ್ಟಾಪ್ ಬಿಟ್‌ನ ನಡುಮಧ್ಯಕ್ಕೆ ತಲುಪುವ ಹೊತ್ತಿಗೆ ಅರ್ಧ ಬಿಟ್‌ನಷ್ಟು ಜಾರಿದರೆ, ಅಂದರೆ ಎರಡೂ ಕಡೆಯ ವ್ಯತ್ಯಾಸ ಶೇಕಡಾ 5 ದಾಟಿದರೆ, ಅಕ್ಷರ ಕೆಡುತ್ತದೆ. ನಮ್ಮ ಲ್ಯಾಬ್‌ಗಳಲ್ಲಿ 8051 ಮೈಕ್ರೋಕಂಟ್ರೋಲರ್‌ಗೆ 11.0592 ಮೆಗಾಹರ್ಟ್ಸ್ ಎಂಬ ವಿಚಿತ್ರ ಕ್ರಿಸ್ಟಲ್ ಬಳಸುವುದೂ ಇದೇ ಕಾರಣಕ್ಕೆ. ಅದನ್ನು 12ರಿಂದ, ಆಮೇಲೆ 32ರಿಂದ, ಆಮೇಲೆ 3ರಿಂದ ಭಾಗಿಸಿದರೆ ಒಂದಿಷ್ಟೂ ಶೇಷವಿಲ್ಲದೆ 9600 ಸಿಗುತ್ತದೆ; 12 ಮೆಗಾಹರ್ಟ್ಸ್ ಹಾಕಿದರೆ 10416 ಬರುತ್ತದೆ, ಶೇಕಡಾ 8.5ರ ತಪ್ಪು. ಆ ಸಂಖ್ಯೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ಸಾವಿರಾರು ಮಂದಿ ಇದ್ದಾರೆ. ಭಾಗಾಕಾರ ಮಾಡಿಸಿ ತೋರಿಸಿದ ಲ್ಯಾಬ್ ಎಷ್ಟಿವೆ? ಎಲ್ಲವೂ ಸಿದ್ಧವಾಗಿರುವ ಕಿಟ್ ಕೊಟ್ಟು, ಸಿಮ್ಯುಲೇಟರ್‌ನಲ್ಲಿ ಔಟ್‌ಪುಟ್ ಬಂದೊಡನೆ ರೆಕಾರ್ಡ್‌ಗೆ ಸಹಿ ಹಾಕುವ ಬದಲು, ಒಂದು ಬಿಟ್‌ನ ಕಾಲವನ್ನು ವಿದ್ಯಾರ್ಥಿಯ ಕೈಯಿಂದಲೇ ಒಮ್ಮೆ ಅಳೆಸಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಅದಕ್ಕೆ ಹತ್ತು ನಿಮಿಷ ಸಾಕು.

ಎರಡು ದಿನ ಬಿಟ್ಟು ಅವನದೇ ಫೋನ್. ಈ ಸಲ ಕಂಪ್ಯೂಟರ್‌ನಿಂದ ಕಳುಹಿಸಿದ ಆದೇಶಗಳು ಚಿಪ್ಪಿಗೆ ಅರ್ಧಂಬರ್ಧ ತಲುಪುತ್ತಿದ್ದವು. ಆದರೆ ಅವನು ಕೋಡ್ ತಿದ್ದಲು ಕುಳಿತಿರಲಿಲ್ಲ. 1ರಿಂದ 9ರವರೆಗಿನ ಅಂಕಿಗಳನ್ನು ಒಂದೇ ಉಸಿರಿಗೆ ಕಳುಹಿಸಿ, ಬಂದದ್ದನ್ನು ಹಾಳೆಯ ಮೇಲೆ ಬರೆದುಕೊಂಡಿದ್ದ. ಬಂದದ್ದು 1, 2, 9 ಮಾತ್ರ. “ಒಳಗೆ ಎರಡೇ ಅಕ್ಷರಕ್ಕೆ ಜಾಗ ಇರಬೇಕು ಸರ್, ಕೊನೆಯದು ಬಾಗಿಲಲ್ಲಿ ನಿಂತಿರಬೇಕು” ಎಂದ. ಚಿಪ್ ತಯಾರಕರ ಡೇಟಾಶೀಟ್ ಹೇಳುವುದೂ ಅದನ್ನೇ: ಸ್ವೀಕರಿಸುವ ಬಫರ್‌ನಲ್ಲಿ ಎರಡು ಅಕ್ಷರ, ಬರುವ ಬಿಟ್‌ಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುವ ಶಿಫ್ಟ್ ರಿಜಿಸ್ಟರ್‌ನಲ್ಲಿ ಕಾಯುತ್ತಿರುವ ಮೂರನೆಯದು, ಅದರ ಮೇಲೆ ಹೊಸದು ಬಂದರೆ ಕಾಯುತ್ತಿದ್ದದ್ದು ಅಳಿಸಿಹೋಗುತ್ತದೆ. 9600 ಬಾಡ್‌ನಲ್ಲಿ ಸುಮಾರು ಒಂದು ಮಿಲಿಸೆಕೆಂಡಿಗೆ ಒಂದು ಅಕ್ಷರ ಬಂದು ಬೀಳುತ್ತದೆ, ಅವನ ಲೂಪಿನಲ್ಲಿ ಸೆನ್ಸರ್‌ಗಾಗಿ ಅರ್ಧ ಸೆಕೆಂಡ್ ಕಾಯುವ ಡಿಲೇ ಇತ್ತು. ಇಂಟರಪ್ಟ್ (ಅಕ್ಷರ ಬಂದೊಡನೆ ನಡೆಯುತ್ತಿರುವ ಕೆಲಸ ನಿಲ್ಲಿಸಿ ಓಡುವ ಕೋಡ್) ಬರೆದು, ಬಂದ ಅಕ್ಷರವನ್ನು ಒಡನೆಯೇ ಮೆಮೊರಿಯ ತಾತ್ಕಾಲಿಕ ಸಾಲಾದ ರಿಂಗ್ ಬಫರ್‌ಗೆ ಹಾಕಿಕೊಳ್ಳುವಂತೆ ಹೇಳಬೇಕೆಂದಿದ್ದೆ. ನಾನು ಹೇಳುವ ಮೊದಲೇ, ಅದನ್ನು ಬರೆಯಲು ಶುರುಮಾಡಿದ್ದೇನೆ ಎಂದು ಹೇಳಿ ಅವನು ಫೋನ್ ಇಟ್ಟ.