ಮುಂದಿನ ಹಾಡು ಕಿವಿಗೆ ಗೊತ್ತು

ರಾಕ್ ಸಂಗೀತವನ್ನು ಸೀರಿಯಸ್ಸಾಗಿ ಕೇಳುವವರ ಮುಂದೆ ‘ನನಗೆ ಕ್ವೀನ್ ಅಂದ್ರೆ ಇಷ್ಟ’ ಅನ್ನಿ. ಖುಷಿಯಿಂದ ತಲೆಯಾಡಿಸುತ್ತಾರೆ. ‘ಯಾವ ಆಲ್ಬಮ್?’ ಅಂತ ಕೇಳುತ್ತಾರೆ. ‘ಗ್ರೇಟೆಸ್ಟ್ ಹಿಟ್ಸ್’ ಅಂದಿರೋ, ಮುಗೀತು. ತುಟಿ ಕೊಂಕಿಸಿ ಸಣ್ಣಗೆ ನಗುತ್ತಾರೆ. ಅದು ಆಲ್ಬಮ್ಮೇ ಅಲ್ಲವಂತೆ. ಕಂಪನಿಯವರು ದುಡ್ಡಿಗೋಸ್ಕರ ಗುಡ್ಡೆ ಹಾಕಿದ ಹಾಡುಗಳಂತೆ. ಅನ್ನ ಸಾರು ಮುಟ್ಟದೆ ಬರೀ ಹೋಳಿಗೆ ತಿಂದು ಎಲೆಯಿಂದ ಎದ್ದವನನ್ನು ನೋಡುವ ಹಾಗೆ ನಮ್ಮನ್ನು ನೋಡುತ್ತಾರೆ.

ನೋಡಲಿ ಬಿಡಿ. ನಾನು ಆ ಹೋಳಿಗೆ ಪಂಗಡದವನೇ. ನಮ್ಮ ಪಂಗಡ ಚಿಕ್ಕದೇನಲ್ಲ. 1981ರ ಕೊನೆಯಲ್ಲಿ ಬಂದ ಕ್ವೀನ್ ತಂಡದ ಗ್ರೇಟೆಸ್ಟ್ ಹಿಟ್ಸ್ ಬ್ರಿಟನ್ನಿನಲ್ಲಿ ಇವತ್ತಿಗೂ ಅತಿ ಹೆಚ್ಚು ಮಾರಾಟವಾದ ಆಲ್ಬಮ್. 2022ರಲ್ಲಿ ಅದರ ಲೆಕ್ಕ 70 ಲಕ್ಷ ದಾಟಿತು. ಅಲ್ಲಿ ಬೇರೆ ಯಾವ ಆಲ್ಬಮ್ಮೂ ಅದುವರೆಗೆ ಆ ಗೆರೆ ಮುಟ್ಟಿರಲಿಲ್ಲ. ಬೀಟಲ್ಸ್ ಹುಟ್ಟಿದ ದೇಶದಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ? ನಲವತ್ತು ವರ್ಷ ಕಳೆದರೂ ಜನ ಇನ್ನೂ ಇದೇ ಹಳೇ 17 ಹಾಡುಗಳನ್ನು ಕೇಳುತ್ತಾರೆ. ಯಾಕೆ?

‘ಹಾಡುಗಳು ಚೆನ್ನಾಗಿವೆ’ ಎನ್ನುವುದು ಸುಲಭದ ಉತ್ತರ. ಆದರೆ ಆ ಹಾಡುಗಳೆಲ್ಲ ಬೇರೆ ಬೇರೆ ಆಲ್ಬಮ್‌ಗಳಲ್ಲಿ ಮೊದಲೇ ಇದ್ದವಲ್ಲ? ಒಟ್ಟಿಗೆ ಬಂದಾಗ ಏನಾಯಿತು ಅನ್ನುವುದು ನನ್ನ ಕುತೂಹಲ. ನನ್ನ ಅನುಮಾನ ಏನೆಂದರೆ, ಗುಟ್ಟಿರುವುದು ಸಾಲಿನಲ್ಲಿ. ಯಾವ ಹಾಡಿನ ಬೆನ್ನಿಗೆ ಯಾವ ಹಾಡು ಬರುತ್ತದೆ ಅನ್ನುವುದರಲ್ಲಿ.

ಮೊದಲು ಕ್ಯಾಸೆಟ್ಟಿನ ವಿಷಯ ಹೇಳಿಬಿಡುತ್ತೇನೆ. ಆಗ ಖಾಲಿ ಕ್ಯಾಸೆಟ್ ಕೊಟ್ಟರೆ ಬೇಕಾದ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದವು. ಕಂಪನಿ ಕ್ಯಾಸೆಟ್ಟಿಗಿಂತ ಅಗ್ಗ. ಈ ಆಲ್ಬಮ್ ಒಟ್ಟು 58 ನಿಮಿಷ. ಎಲ್‌ಪಿಯ ಒಂದು ಕಡೆ ಎಂಟು ಹಾಡು, ಇನ್ನೊಂದು ಕಡೆ ಒಂಬತ್ತು, ಒಂದೊಂದು ಕಡೆಯೂ ಇಪ್ಪತ್ತೊಂಬತ್ತು ನಿಮಿಷದ ಆಸುಪಾಸು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಬೇರೆ ಎಲ್‌ಪಿ ತುಂಬಿಸಿದರೆ ಕೊನೇ ಹಾಡು ಅರ್ಧಕ್ಕೆ ಕಡಿದುಹೋಗುತ್ತಿತ್ತು, ಇಲ್ಲವೇ ಉಳಿದ ಜಾಗಕ್ಕೆ ಅಂಗಡಿಯವರು ತಮಗಿಷ್ಟವಾದ ಯಾವುದೋ ಡಿಸ್ಕೋ ಹಾಡು ತುರುಕುತ್ತಿದ್ದರು. ಇದರಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಒಳಗಿನ ಕಾರ್ಡಿನ ಮೇಲೆ ಬಾಲ್‌ಪೆನ್ನಿನಲ್ಲಿ ಹಾಡುಗಳ ಪಟ್ಟಿ. ಸ್ಪೆಲಿಂಗ್ ಪೂರ್ತಿ ಅಂಗಡಿಯವರದ್ದೇ.

1990ರಲ್ಲಿ ಬಂದ ಒಂದು ಇಂಗ್ಲಿಷ್ ಹಾಸ್ಯ ಕಾದಂಬರಿಯಲ್ಲಿ ಒಂದು ತಮಾಷೆ ಇದೆ. ಯಾವ ಕ್ಯಾಸೆಟ್ಟನ್ನೇ ಆಗಲಿ, ಕಾರಿನಲ್ಲಿ ಹದಿನೈದು ದಿನ ಬಿಟ್ಟರೆ ಅದು ತಾನಾಗಿಯೇ ಕ್ವೀನ್ ಹಿಟ್ಸ್ ಆಗಿಬಿಡುತ್ತದಂತೆ. ಬ್ರಿಟನ್ನಿನಲ್ಲಿ ಆ ಕ್ಯಾಸೆಟ್ ಎಷ್ಟು ಕಾರುಗಳಲ್ಲಿ ಇತ್ತು ಅಂತ ಅಂದಾಜು ಮಾಡಲು ಇಷ್ಟು ಸಾಕು.

ಕ್ಯಾಸೆಟ್ಟಿನಲ್ಲಿ ಹಾಡು ಹಾರಿಸುವುದು ರಗಳೆ. ಫಾಸ್ಟ್ ಫಾರ್ವರ್ಡ್ ಒತ್ತಿ, ಅಂದಾಜಿನ ಮೇಲೆ ನಿಲ್ಲಿಸಿ, ಮುಂದೆ ಹೋಗಿದ್ದರೆ ಹಿಂದೆ ಬಂದು... ಅದಕ್ಕಿಂತ ಸುಮ್ನೆ ಕೇಳುವುದೇ ವಾಸಿ. ಹಾಗೆ ಕೇಳೀ ಕೇಳೀ ಸಾಲು ಪೂರ್ತಿ ಕಿವಿಯಲ್ಲಿ ಕೂತುಬಿಟ್ಟಿತು.

ಶುರುವಾಗುವುದು ಬೊಹೀಮಿಯನ್ ರಾಪ್ಸಡಿಯಿಂದ. 1975ರ ಹಾಡು, ಆರು ನಿಮಿಷಕ್ಕೆ ಐದೇ ಸೆಕೆಂಡು ಕಮ್ಮಿ. ಇಷ್ಟುದ್ದದ ಹಾಡನ್ನು ರೇಡಿಯೊದವರು ಹಾಕುವುದಿಲ್ಲ ಅಂತ ಹೆದರಿಸಿದವರಿದ್ದರು. ಲಂಡನ್ನಿನ ಕ್ಯಾಪಿಟಲ್ ರೇಡಿಯೊದ ಕೆನ್ನಿ ಎವರೆಟ್ ಒಂದೇ ವಾರಾಂತ್ಯದಲ್ಲಿ ಹದಿನಾಲ್ಕು ಸಲ ಹಾಕಿದರು. ಮುಂದಿನದು ಗೊತ್ತಿರುವುದೇ, ಒಂಬತ್ತು ವಾರ ಮೊದಲ ಸ್ಥಾನ. ನಡುವಿನ ಆಪೆರಾ ಭಾಗದಲ್ಲಿ ಮೂವರೇ ಹಾಡಿದ್ದು. ದನಿಯ ಮೇಲೆ ದನಿ ಹಾಕುತ್ತಾ ಹೋಗಿ, ಕೊನೆಗೆ ಟೇಪು ಸವೆದು ಆಚೆ ಕಡೆಯ ಬೆಳಕು ಕಾಣುವ ಹಾಗಾಗಿತ್ತು ಅಂತ ತಂಡದವರೇ ಹೇಳಿಕೊಂಡಿದ್ದಾರೆ. ನಮಗೆ ಆಗ ಇದೊಂದೂ ಗೊತ್ತಿರಲಿಲ್ಲ. ಅರ್ಥವಾಗದ ಇಂಗ್ಲಿಷಿನ ನಡುವೆ ಇದ್ದಕ್ಕಿದ್ದಂತೆ ‘ಬಿಸ್ಮಿಲ್ಲಾ’ ಅಂತ ಕೇಳಿಸಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡಿದ್ದೆವು, ಅಷ್ಟೇ.

ಆ ಹಾಡಿನ ಕೊನೆಯನ್ನು ಗಮನಿಸಿ. ಗಲಾಟೆಯೆಲ್ಲ ಮುಗಿದು, ದನಿ ತಗ್ಗಿ, ಪಿಯಾನೊ ಮೆಲ್ಲಗಾಗಿ, ಕಟ್ಟಕಡೆಗೆ ಒಂದು ಜಾಗಟೆ. ಡಂಯ್ಯ್ ಅಂತ ಅದರ ನಾದ ಕರಗುತ್ತಾ ಹೋಗುತ್ತದೆ. ಆಮೇಲೆ ಒಂದು ಗಳಿಗೆ ಮೌನ. ಆ ಮೌನದೊಳಗಿಂದ ಬೇಸ್ ಗಿಟಾರು: ಡುಂ, ಡುಂ, ಡುಂ. ಅನದರ್ ಒನ್ ಬೈಟ್ಸ್ ದ ಡಸ್ಟ್. ಇದು 1980ರದ್ದು. ನಡುವೆ ಐದು ವರ್ಷದ ಅಂತರ. ಒಂದು ಆಪೆರಾ, ಇನ್ನೊಂದು ಕುಣಿಯುವ ಹಾಡು. ಎರಡನ್ನೂ ಮಾಡಿದ್ದು ಒಂದೇ ತಂಡ ಅಂತ ನಂಬುವುದೇ ಕಷ್ಟ. ಆದರೆ ನನ್ನ ಕಿವಿಗೆ ಆ ಜಾಗಟೆ ಇರುವುದೇ ಈ ಬೇಸ್ ಬರಲಿ ಅಂತ.

ಅಸಲಿಗೆ ಹಾಗೇನೂ ಇಲ್ಲ. ಮೂಲ ಆಲ್ಬಮ್ಮಿನಲ್ಲಿ ರಾಪ್ಸಡಿ ಕೊನೆಯ ಹಾಡು, ಅದಾದ ಮೇಲೆ ಬ್ರಿಟನ್ನಿನ ರಾಷ್ಟ್ರಗೀತೆ ಗಿಟಾರಿನಲ್ಲಿ ಬಂದು ಆಲ್ಬಮ್ ಮುಗಿಯುತ್ತದೆ. ಗ್ರೇಟೆಸ್ಟ್ ಹಿಟ್ಸ್ ಮಾಡಿದವರು ಆ ಮುಕ್ತಾಯವನ್ನೇ ತಂದು ಬಾಗಿಲಲ್ಲಿ ನಿಲ್ಲಿಸಿದರು. ಇನ್ನೊಂದು ಕಡೆ ಇದರ ತದ್ವಿರುದ್ಧ ಮಾಡಿದ್ದಾರೆ. ವಿ ವಿಲ್ ರಾಕ್ ಯೂ ಮತ್ತು ವಿ ಆರ್ ದ ಚಾಂಪಿಯನ್ಸ್ 1977ರ ಆಲ್ಬಮ್ಮಿನ ಮೊದಲೆರಡು ಹಾಡುಗಳು. ಇಲ್ಲಿ ಅವೇ ಕೊನೆಯ ಎರಡು. ಕೊನೆಯದು ಮೊದಲಿಗೆ, ಮೊದಲಿನದು ಕೊನೆಗೆ. ಇದನ್ನು ಗುಡ್ಡೆ ಹಾಕುವುದು ಅನ್ನುತ್ತಾರಾ? ಯಾರೋ ಕೂತು ಯೋಚನೆ ಮಾಡಿಯೇ ಇಟ್ಟಿದ್ದಾರೆ.

ಒಂದು ಸಲ ಹಟಕ್ಕೆ ಬಿದ್ದು ಮೂಲ ಆಲ್ಬಮ್ಮುಗಳನ್ನೆಲ್ಲ ಕೇಳಿದೆ. ಚೆನ್ನಾಗಿವೆ. ಕೆಲವಂತೂ ಬಹಳ ಚೆನ್ನಾಗಿವೆ. ಆದರೆ ಕಿವಿ ಮಾತು ಕೇಳಬೇಕಲ್ಲ. ಯೂ ಆರ್ ಮೈ ಬೆಸ್ಟ್ ಫ್ರೆಂಡ್ ಮುಗಿದ ಕೂಡಲೇ ಅದು ಡೋಂಟ್ ಸ್ಟಾಪ್ ಮಿ ನೌ ಪಿಯಾನೊಗೆ ಕಾಯುತ್ತಿರುತ್ತದೆ. ಆಲ್ಬಮ್ಮಿನಲ್ಲಿ ಬರುವುದು ಇನ್ನೇನೋ ಒಂದು, ಅದೂ ಒಳ್ಳೆಯ ಹಾಡೇ. ಆದರೂ ಯಾರೋ ನಮ್ಮ ಸೀಟಿನಲ್ಲಿ ಬಂದು ಕೂತಂತೆ ಅನಿಸುತ್ತದೆ.

ಹೋಳಿಗೆ ವಾದಕ್ಕೆ ಇನ್ನೊಂದು ಉತ್ತರವೂ ಇದೆ. ಒಬ್ಬರೇ ಬರೆದ 17 ಹಿಟ್ ಹಾಡುಗಳನ್ನು ಸಾಲಾಗಿ ಕೇಳಿದರೆ ನಿಜಕ್ಕೂ ಬಾಯಿ ಕಟ್ಟುತ್ತದೆ. ಕ್ವೀನ್ ಕಥೆ ಬೇರೆ. ಅಲ್ಲಿದ್ದ ನಾಲ್ವರೂ ಹಾಡು ಬರೆಯುತ್ತಿದ್ದರು. ಈ ಸಂಗ್ರಹದಲ್ಲಿ ಗಾಯಕ ಫ್ರೆಡಿ ಮರ್ಕ್ಯುರಿಯವು ಜಾಸ್ತಿ, ಗಿಟಾರಿನ ಬ್ರಿಯಾನ್ ಮೇ ಅವರವು ಕೆಲವು, ಬೇಸ್ ನುಡಿಸುತ್ತಿದ್ದ ಜಾನ್ ಡೀಕನ್ ಅವರವು ಎರಡೇ ಎರಡು. ಡ್ರಮ್ಮರ್ ರೋಜರ್ ಟೇಲರ್ ಅವರ ಹಾಡು ಇದರಲ್ಲಿ ಒಂದೂ ಇಲ್ಲ, ಪಾಪ. ಅವರ ಸರದಿ ಬಂದಿದ್ದು ಎರಡನೇ ಭಾಗದಲ್ಲಿ. ಡೀಕನ್ ಬಹಳ ಮೌನಿ. ಅವರ ಎರಡರಲ್ಲಿ ಒಂದು ಹೆಂಡತಿಗಾಗಿ ಬರೆದ ಬೆಸ್ಟ್ ಫ್ರೆಂಡ್. ಇನ್ನೊಂದು ಆ ಡುಂ ಡುಂ ಡುಂ, ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದ ಹಾಡು. ಹೀಗಿರುವಾಗ ರುಚಿ ಬದಲಾಗುತ್ತಲೇ ಇರುತ್ತದೆ. ಒಂದು ಹಾಡಿನ ನಡುವೆ ಗಿಟಾರ್ ಬಿಟ್ಟು ಬರೀ ಸೈಕಲ್ ಬೆಲ್ಲುಗಳು ಟ್ರಿಣ್ ಟ್ರಿಣ್ ಅನ್ನುತ್ತವೆ. ಇನ್ನೊಂದರಲ್ಲಿ ಚರ್ಚಿನ ಕೋರಸ್ಸಿನಂತೆ ದನಿಗಳ ಗೋಪುರ. ಅದೂ ಮೂರೇ ಜನರ ದನಿ.

ವಿ ವಿಲ್ ರಾಕ್ ಯೂ ಬಗ್ಗೆ ಸ್ವಲ್ಪ ನಿಲ್ಲಬೇಕು. ಅದರಲ್ಲಿ ಡ್ರಮ್ ಇಲ್ಲ ಅಂತ ಗೊತ್ತಾದಾಗ ನನಗೆ ನಂಬಿಕೆಯೇ ಬರಲಿಲ್ಲ. ಎರಡು ಸಲ ಕಾಲು ಕುಟ್ಟುವುದು, ಒಂದು ಚಪ್ಪಾಳೆ. ಅಷ್ಟೇ. ಒಂದು ಕಛೇರಿಯ ಕೊನೆಯಲ್ಲಿ ಜನರೆಲ್ಲ ಸೇರಿ ತಂಡಕ್ಕೇ ಹಾಡು ಹೇಳಿದ್ದನ್ನು ಕೇಳಿ ಮೇ ಅವರಿಗೆ ಇದು ಹೊಳೆದದ್ದು. ಕಿಕ್ಕಿರಿದು ನಿಂತ ಜನ ಏನು ಮಾಡಬಲ್ಲರು? ಕಾಲು ಕುಟ್ಟಬಲ್ಲರು, ಚಪ್ಪಾಳೆ ತಟ್ಟಬಲ್ಲರು, ಹಾಡಬಲ್ಲರು. ಲಂಡನ್ನಿನ ಹಳೇ ಚರ್ಚ್ ಕಟ್ಟಡದಲ್ಲಿದ್ದ ಸ್ಟುಡಿಯೋದಲ್ಲಿ ಮರದ ಹಲಗೆಗಳ ಮೇಲೆ ಕಾಲು ಕುಟ್ಟಿ ರೆಕಾರ್ಡ್ ಮಾಡಿದರು. ನಾಲ್ಕೈದು ಜನರ ಸದ್ದನ್ನು ಸಾವಿರಾರು ಜನರ ಸದ್ದಾಗಿಸಲು, ಒಂದರ ಮೇಲೊಂದನ್ನು ಚೂರು ಚೂರು ತಡವಾಗಿ ಕೂರಿಸಿದರು. ಆ ತಡಗಳ ಲೆಕ್ಕಕ್ಕೆ ಮೇ ಅವಿಭಾಜ್ಯ ಸಂಖ್ಯೆಗಳನ್ನು ಬಳಸಿದರಂತೆ, ಪ್ರತಿಧ್ವನಿಯಂತೆ ಕೇಳಬಾರದು ಅಂತ. ಫಿಸಿಕ್ಸ್ ಓದಿದವರು, 2007ರಲ್ಲಿ ಖಗೋಳ ವಿಜ್ಞಾನದಲ್ಲಿ ಪಿಎಚ್‌ಡಿಯನ್ನೂ ಮುಗಿಸಿದರು. ಆ ಲೆಕ್ಕವೆಲ್ಲ ಗೊತ್ತಿಲ್ಲದೆಯೇ ನಮ್ಮ ಕಾಲೇಜಿನಲ್ಲಿ ಹಿಂದಿನ ಬೆಂಚಿನವರು ಅದನ್ನು ಸರಿಯಾಗಿ ನುಡಿಸುತ್ತಿದ್ದರು. ಅಂಗೈಯಿಂದ ಬೆಂಚಿಗೆ ಎರಡು ಏಟು, ಒಂದು ಚಪ್ಪಾಳೆ. ಮೇಷ್ಟ್ರು ತಿರುಗುವಷ್ಟರಲ್ಲಿ ಕ್ಲಾಸು ನಿಶ್ಶಬ್ದ.

ಫ್ರೆಡಿ ನಮ್ಮವರು ಅಂತ ಹೇಳಿಕೊಳ್ಳುವ ಚಪಲ ನಮ್ಮ ಕಡೆ ಬಹಳ ಇದೆ. ಹುಟ್ಟಿದ್ದು 1946ರಲ್ಲಿ ಜಾಂಜಿಬಾರಿನಲ್ಲಿ, ಪಾರ್ಸಿ ಮನೆಯಲ್ಲಿ. ಹೆಸರು ಫಾರೋಖ್ ಬುಲ್ಸಾರಾ. ಓದಲು ಕಳಿಸಿದ್ದು ಪಂಚಗಣಿಯ ಬೋರ್ಡಿಂಗ್ ಸ್ಕೂಲಿಗೆ. ಬೆಂಗಳೂರಿನಿಂದ ಪುಣೆಗೆ ಹೋಗುವಾಗ ಸಾತಾರಾ ದಾಟಿದ ಮೇಲೆ ವಾಯಿ ಕಡೆಗೆ ತಿರುಗಿ ಘಾಟಿ ಹತ್ತಿದರೆ ಸಿಗುವ ಅದೇ ಪಂಚಗಣಿ. ಪಿಯಾನೊ ಕಲಿತದ್ದು, ಗೆಳೆಯರ ಜೊತೆ ಮೊದಲ ಬ್ಯಾಂಡ್ ಕಟ್ಟಿದ್ದು ಅಲ್ಲೇ. ಸ್ಟ್ರಾಬೆರಿ ತಿನ್ನಲು ಆ ಊರಿಗೆ ಹೋದವರು ಯಾರೂ ಇದನ್ನು ಹೇಳದೆ ವಾಪಸ್ ಬಂದದ್ದಿಲ್ಲ. ಆದರೆ ಆ ಹಾಡುಗಳಲ್ಲಿ ಭಾರತವನ್ನು ಹುಡುಕಿ ತೆಗೆಯುವವರ ಜೊತೆ ನಾನಿಲ್ಲ. ಅವು ಲಂಡನ್ನಿನ ಹಾಡುಗಳು, ಇಂಗ್ಲಿಷರ ನಾಟಕದ ಗೀಳು ಹಿಡಿದ ಹಾಡುಗಳು. ಹಾಗಿರುವುದೇ ಚೆಂದ.

1991ರ ನವೆಂಬರಿನಲ್ಲಿ ಫ್ರೆಡಿ ತೀರಿಕೊಂಡರು. ಎರಡನೇ ಗ್ರೇಟೆಸ್ಟ್ ಹಿಟ್ಸ್ ಬಂದು ಒಂದು ತಿಂಗಳೂ ಆಗಿರಲಿಲ್ಲ. ಅದರಲ್ಲೂ ಒಳ್ಳೆಯ ಹಾಡುಗಳಿವೆ. ಆದರೆ ಅದರ ಸಾಲು ನನಗೆ ಬಾಯಿಗೆ ಬರಲೇ ಇಲ್ಲ. ಅದು ಕೈಗೆ ಸಿಗುವ ಹೊತ್ತಿಗೆ ಮನೆಗೆ ಸಿಡಿ ಬಂದಿತ್ತು, ಹಾಡು ಹಾರಿಸುವುದು ಸುಲಭವಾಗಿತ್ತು. ಮೊದಲನೆಯದರಲ್ಲಿ ಫ್ಲಾಶ್ ಅಂತ ಒಂದು ಹಾಡಿದೆ, ಒಂದು ಸಿನಿಮಾಕ್ಕೆ ಮಾಡಿದ್ದು, ನಡುನಡುವೆ ಡೈಲಾಗುಗಳು ಬೇರೆ. ಅದನ್ನು ಇಷ್ಟಪಡುವವರನ್ನು ನಾನು ಇನ್ನೂ ನೋಡಿಲ್ಲ. ಸಿಡಿಯಾಗಿದ್ದರೆ ದಿನಾ ಹಾರಿಸುತ್ತಿದ್ದೆ. ಕ್ಯಾಸೆಟ್ ಆದ್ದರಿಂದ ಇವತ್ತಿಗೂ ಡೈಲಾಗು ಸಮೇತ ಬಾಯಿಪಾಠ.

ಕಿವಿಯ ಈ ಸಾಲನ್ನು ಅಲ್ಲಾಡಿಸಿದವರು ನನ್ನ ಷಡ್ಡಕರು. ಎಂಬತ್ತರ ದಶಕದಲ್ಲೇ ಅಮೆರಿಕಕ್ಕೆ ಓದಲು ಹೋದವರು. ಮೊನ್ನೆ ಬಂದಿದ್ದಾಗ ಮಗಳ ಫೋನಿನಲ್ಲಿ ರಾಪ್ಸಡಿ ಬರುತ್ತಿತ್ತು. ಜಾಗಟೆ ಬಾರಿಸಿತು. ನಾನು ಮೇಜಿನ ಮೇಲೆ ಡುಂ ಡುಂ ಡುಂ ಶುರು ಮಾಡಿದೆ. ಅವರು ಹಾಡಿದ್ದು ಕ್ರೇಜಿ ಲಿಟಲ್ ಥಿಂಗ್ ಕಾಲ್ಡ್ ಲವ್.

‘ಅದ್ಯಾಕೆ ಇಲ್ಲಿ ಬಂತು? ಅದು ಬಿ ಸೈಡಲ್ವಾ ಬರೋದು’ ಅಂದೆ.

‘ರಾಪ್ಸಡಿ ಆದ್ಮೇಲೆ ಅದೇ ರೀ’ ಅಂದರು.

ಆಮೇಲೆ ನೋಡಿದರೆ ಅಮೆರಿಕದಲ್ಲಿ ಬಂದ ಗ್ರೇಟೆಸ್ಟ್ ಹಿಟ್ಸೇ ಬೇರೆ. ಎಲ್ಲಿ ಯಾವ ಹಾಡು ಗೆದ್ದಿತ್ತೋ ಅಲ್ಲಿಗೆ ಅದು. ಅವರದರಲ್ಲಿ 14 ಹಾಡು, ಶುರುವಾಗುವುದೇ ಅನದರ್ ಒನ್ ಬೈಟ್ಸ್ ದ ಡಸ್ಟ್‌ನಿಂದ, ರಾಪ್ಸಡಿ ಎರಡನೆಯದು. ಡೇವಿಡ್ ಬೋವಿ ಜೊತೆ ಮಾಡಿದ ಅಂಡರ್ ಪ್ರೆಷರ್ ಅವರಿಗೆ ಸಿಕ್ಕಿತ್ತು, ನಮಗಿಲ್ಲ. ಡೋಂಟ್ ಸ್ಟಾಪ್ ಮಿ ನೌ ನಮಗಿತ್ತು, ಅವರಿಗಿಲ್ಲ.

‘ಡೋಂಟ್ ಸ್ಟಾಪ್ ಮಿ ನೌ ಇಲ್ಲದೆ ಅದು ಹೇಗ್ರೀ ಗ್ರೇಟೆಸ್ಟ್ ಹಿಟ್ಸ್ ಆಗುತ್ತೆ?’ ಅಂತ ನಾನು.

‘ರಾಪ್ಸಡಿ ಮೊದಲೇ ಹಾಕಿಬಿಟ್ರೆ ಆಮೇಲೆ ಕೇಳೋಕೆ ಏನ್ರೀ ಉಳಿಯುತ್ತೆ?’ ಅಂತ ಅವರು.

ಮಗಳು ಎರಡೂ ಪಟ್ಟಿ ಸೇರಿಸಿ, ಎಂಬತ್ತರ ಆಚೆಯ ಹಾಡುಗಳನ್ನೂ ಹಾಕಿ, ಷಫಲ್‌ಗೆ ಬಿಟ್ಟಳು. ಮೊದಲು ಬಂದದ್ದು ಫ್ಲಾಶ್. ಅದು ಇಬ್ಬರ ಪಟ್ಟಿಯಲ್ಲೂ ಇತ್ತು.