ಗೇರಿನ ಹಲ್ಲು ಎಣಿಸುವ ಮೊದಲು ಊರಿನ ಏರು ನೋಡಿ

ನಾನಿರುವ ಐಂಡ್‌ಹೋವೆನ್‌ನಲ್ಲಿ ಏರು ಎಂದರೆ ಕಾಲುವೆಯ ಮೇಲಿನ ಸೇತುವೆ, ಇಲ್ಲವೇ ರೈಲು ಹಳಿಯ ಅಡಿಯಿಂದ ಮೇಲೆದ್ದು ಬರುವ ಸೈಕಲ್ ದಾರಿ. ಯುರೋಪಿನೊಳಗಿನ ನೆದರ್ಲ್ಯಾಂಡ್ಸ್‌ನ ಅತಿ ಎತ್ತರದ ಜಾಗ ವಾಲ್ಸರ್‌ಬರ್ಗ್. ಅದು ಬರೀ 322 ಮೀಟರ್. ಸೋಮೇಶ್ವರದಿಂದ ಆಗುಂಬೆಗೆ ಹೊರಟವನು ಅಷ್ಟು ಎತ್ತರಕ್ಕೆ ಬಂದಾಗ ಅಲ್ಲಿನ 14 ತಿರುವುಗಳಲ್ಲಿ ಇನ್ನೂ ಕೆಲವು ತಲೆಯ ಮೇಲೇ ಇರುತ್ತವೆ. ಡಚ್ಚರಿಗೆ ಸೈಕಲ್ ಮೇಲೆ ಕಷ್ಟ ಕೊಡುವುದು ಗಾಳಿ. ನಮ್ಮ ಮನೆಯಿರುವ ಉಡುಪಿಯ ಕುಂಜಿಬೆಟ್ಟಿನಲ್ಲಿ ಹಾಗಲ್ಲ. ಇಂದ್ರಾಳಿ ಸೇತುವೆ ದಾಟಿ ಲಕ್ಷ್ಮೀಂದ್ರನಗರದ ಏರು ಹಿಡಿದರೆ ಮಣಿಪಾಲದ ಟೈಗರ್ ಸರ್ಕಲ್ ಮುಟ್ಟುವವರೆಗೆ ಕಾಲಿಗೆ ಪುರುಸೊತ್ತಿಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ಹಳೆಯ ರೋಡ್ ಬೈಕನ್ನು ಬಿಚ್ಚಿ ಮತ್ತೆ ಕಟ್ಟುವ ಹುಚ್ಚು ಈಗ ಕರಾವಳಿಯಲ್ಲೂ ಹಬ್ಬಿದೆ. ಆ ಹುಚ್ಚಿನವರು ಹೆಚ್ಚಾಗಿ ಕೇಳುವ ಪ್ರಶ್ನೆ, 'ಇದಕ್ಕೆ ಮೊದಲು ಯಾವ ಗೇರು ಇತ್ತು?' ನನ್ನ ಪ್ರಕಾರ ಆ ಪ್ರಶ್ನೆಯನ್ನು ಕಡೆಗಿಡಬೇಕು. ಅದರಲ್ಲಿ ಇದ್ದ ಗೇರು ಅದನ್ನು ಮಾಡಿದ ಊರಿನದು, ನಿಮ್ಮ ಊರಿನದಲ್ಲ.

ನಾನು ಊರಿಗೆ ತಂದದ್ದು 1980ರ ದಶಕದ ಒಂದು ಡಚ್ ರೋಡ್ ಬೈಕ್, ಗೆಜೆಲ್ ಕಂಪನಿಯದು. ಅದರ ಕೊಳವೆಗಳು ರೆನಾಲ್ಡ್ಸ್ 531, ಅಂದರೆ ಬರ್ಮಿಂಗ್‌ಹ್ಯಾಮಿನ ಕಂಪನಿ 1935ರಲ್ಲಿ ಮಾರುಕಟ್ಟೆಗೆ ತಂದ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕು. ಹಗುರ, ಗಟ್ಟಿ, ರಸ್ತೆಯ ಅದುರನ್ನು ಅರ್ಧ ನುಂಗಿಕೊಳ್ಳುವ ಫ್ರೇಮು. ಮುಂದೆ 52 ಮತ್ತು 42 ಹಲ್ಲಿನ ಎರಡು ಚಕ್ರ, ಹಿಂದೆ 13ರಿಂದ 21ರವರೆಗಿನ ಆರು ಹಲ್ಲುಚಕ್ರಗಳ ಫ್ರೀವೀಲ್. ಐಂಡ್‌ಹೋವೆನ್ ಸುತ್ತಮುತ್ತ ಇದಕ್ಕಿಂತ ಒಳ್ಳೆಯ ಜೋಡಣೆ ಬೇಕಿಲ್ಲ. ಒಂದೆರಡೇ ಹಲ್ಲಿನ ವ್ಯತ್ಯಾಸ ಇರುವುದರಿಂದ ಎದುರುಗಾಳಿ ಜೋರಾದಾಗ ಒಂದು ಇಳಿಸಿ, ಕಡಿಮೆಯಾದಾಗ ಒಂದು ಏರಿಸಿ, ಕಾಲಿನ ಲಯ ತಪ್ಪದಂತೆ ಹೋಗಬಹುದು.

ಆದರೆ ಅದರ ಅತಿ ಹಗುರ ಗೇರು 42ಕ್ಕೆ 21. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಎರಡು ಸುತ್ತು ತಿರುಗಿ ಸೈಕಲ್ ಸುಮಾರು 4.2 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 15 ಕಿ.ಮೀ. ಸಮತಟ್ಟಿನಲ್ಲಿ ಇದು ಮಕ್ಕಳಾಟ. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆಯಲ್ಲಿ, ಸೈಕಲ್ ಮತ್ತು ಸವಾರ ಸೇರಿ 85 ಕೆ.ಜಿ. ಎಂದಿಟ್ಟುಕೊಂಡರೆ, ಅದೇ ವೇಗಕ್ಕೆ ಭೂಮಿಯ ಎಳೆತವನ್ನು ಗೆಲ್ಲಲಿಕ್ಕೇ ಸುಮಾರು 245 ವಾಟ್ ಬೇಕು. ಟಯರಿನ ಘರ್ಷಣೆ, ಗಾಳಿ ಎಲ್ಲ ಆಮೇಲೆ. ಕಚೇರಿಯಲ್ಲಿ ಕೂತು ಕೆಲಸ ಮಾಡುವ, ಐವತ್ತರ ಹತ್ತಿರದ ನನ್ನಂಥವನಿಗೆ ಅದು ಎರಡು ನಿಮಿಷದ ಶೌರ್ಯ. 28ಕ್ಕೆ 28 ಹಾಕಿದರೆ ಅದೇ 60 ಸುತ್ತಿಗೆ ಗಂಟೆಗೆ ಏಳೂವರೆ ಕಿ.ಮೀ., ಬೇಕಾದ ಶಕ್ತಿ ಸರಿಯಾಗಿ ಅರ್ಧ. ನಿಧಾನವಾಯಿತು ಎನ್ನುತ್ತೀರಾ? ಆಗಲಿ, ಮೇಲೆ ತಲುಪಿದಾಗ ಮಾತಾಡಲಿಕ್ಕೆ ಉಸಿರು ಇರುತ್ತದೆ.

ಡಚ್ ಕಡೆಯ ಹವ್ಯಾಸಿಗಳ ಪದ್ಧತಿಯೇ ಬೇರೆ. ನಿವೃತ್ತ ಎಂಜಿನಿಯರುಗಳು ಮನೆಯ ಹಿಂದಿನ ಶೆಡ್‌ನಲ್ಲಿ ಕೂತು, ಫ್ರೇಮು ಯಾವ ವರ್ಷದ್ದೋ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕೂ ಅದೇ ವರ್ಷದ್ದಾಗಿರಬೇಕೆಂದು ಅದರ ಬೆನ್ನಿನ ಗುರುತನ್ನು ಭೂತಗನ್ನಡಿ ಹಿಡಿದು ನೋಡುತ್ತಾರೆ. ಕ್ಯಾಟಲಾಗಿನಲ್ಲಿ 13-21 ಇದ್ದರೆ 13-21ನ್ನೇ ಹುಡುಕುತ್ತಾರೆ, ಅದಕ್ಕೆ ಕೇಳಿದಷ್ಟು ಯೂರೋ ಕೊಡುತ್ತಾರೆ. ನನಗೆ ಅವರ ಮೇಲೆ ಗೌರವವಿದೆ. ಅವರಿಂದಲೇ ಕ್ಯಾಲಿಪರ್ ಹಿಡಿಯುವುದು ಕಲಿತೆ. ಅವರ ಊರಿಗೆ ಆ ಗೇರು ಹೊಂದುವುದರಿಂದ ಅವರಿಗೆ ಏನೂ ನಷ್ಟವಿಲ್ಲ. ಅದೇ ನಿಷ್ಠೆಯನ್ನು ಉಡುಪಿಗೆ ತಂದು, ಹಳೆಯ ಫ್ರೀವೀಲಿಗೆ ಸಾವಿರಗಟ್ಟಲೆ ಸುರಿದು, ಪರ್ಕಳದ ಏರಿನಲ್ಲಿ ಇಳಿದು ನೂಕುವುದು ಮಾತ್ರ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ಅದೂ ಶಂಕರಪುರದ ಮಲ್ಲಿಗೆ.

ನೂಕುವುದು ನಮ್ಮ ಕಡೆ ಅವಮಾನವಾಗಿರಲಿಲ್ಲ ಎಂಬುದೂ ನಿಜ. ನಮ್ಮ ಮನೆಯ ಹರ್ಕ್ಯುಲಿಸ್‌ನಲ್ಲಿ ಮುಂದೆ 44, ಹಿಂದೆ 18 ಹಲ್ಲು. ಪೆಡಲಿನ ಒಂದು ಸುತ್ತಿಗೆ ಐದು ಮೀಟರಿಗೂ ಮಿಕ್ಕಿ ಓಡುತ್ತಿತ್ತು. ಅಂದರೆ ನನ್ನ ಗೆಜೆಲ್‌ನ ಅತಿ ಹಗುರ ಗೇರಿಗಿಂತಲೂ ಭಾರ! ಪೋಸ್ಟ್‌ಮ್ಯಾನ್, ಬುಟ್ಟಿ ಕಟ್ಟಿಕೊಂಡ ಮೀನಿನವರು, ಬ್ರೆಡ್ಡಿನವರು ಎಲ್ಲರೂ ಏರು ಬಂದಾಗ ಇಳಿದು, ಒಂದು ಕೈ ಹ್ಯಾಂಡಲ್‌ಗೆ ಒಂದು ಕೈ ಸೀಟಿಗೆ ಕೊಟ್ಟು ನೂಕುತ್ತಿದ್ದರು. ಮಂಗಳೂರಿನಲ್ಲಿ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಸೈಕಲ್ ಮೇಲೆ ಕೂತೇ ಹೋಗುತ್ತೇನೆಂದವನನ್ನು ಜನ ನಿಂತು ನೋಡುತ್ತಿದ್ದರು. ಗೇರು ಇದ್ದೂ ನೂಕಬೇಕಾದಾಗ ಮಾತ್ರ ಮುಖ ಸಣ್ಣದಾಗುತ್ತದೆ.

ಮುಖ ಸಣ್ಣದಾಗುವ ಇನ್ನೊಂದು ಸಂಗತಿ ಈಗ ಹುಟ್ಟಿಕೊಂಡಿದೆ. ಭಾನುವಾರ ಬೆಳಿಗ್ಗೆ ಹೆದ್ದಾರಿ 66ರಲ್ಲಿ ಸಾಲಾಗಿ ಹೋಗುವ ಕಾರ್ಬನ್ ಬೈಕಿನ ಹುಡುಗರಿಗೆ ಹಿಂದೆ ದೊಡ್ಡ ಹಲ್ಲುಚಕ್ರ ಇದ್ದರೆ ನಾಚಿಕೆ. ರೇಸಿನವರ ಗೇರೇ ಬೇಕು. ಪಡುಬಿದ್ರಿ, ಕಾಪು ಎಂದು ಸಮತಟ್ಟಿನಲ್ಲಿ ಹೋದಷ್ಟು ಹೊತ್ತು ಸರಿ. ಕಾರ್ಕಳದ ಕಡೆ ತಿರುಗಿದರೆ ಅವರಲ್ಲೇ ಇಬ್ಬರು ಮೊಣಕಾಲು ತಿಕ್ಕುತ್ತಾ ನಿಂತಿರುತ್ತಾರೆ. ಈ ನಾಚಿಕೆ ಹಳೆಯದು, ಫ್ರಾನ್ಸಿನಿಂದ ಬಂದದ್ದು. ಟೂರ್ ಡಿ ಫ್ರಾನ್ಸ್ ಶುರುಮಾಡಿದ ಹೆನ್ರಿ ಡೆಗ್ರಾಂಜ್ 1902ರಲ್ಲೇ, ಗೇರು ಬದಲಿಸುವ ಸೈಕಲ್ ಏನಿದ್ದರೂ 45 ದಾಟಿದವರಿಗೆ ಎಂಬರ್ಥದಲ್ಲಿ ಬರೆದಿದ್ದರು. ಆ ಸ್ಪರ್ಧೆಯಲ್ಲಿ ಡಿರೈಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ ಬಳಸಲು ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ನನಗೋ 45 ಯಾವತ್ತೋ ದಾಟಿದೆ, ಹಾಗಾಗಿ ಡೆಗ್ರಾಂಜ್ ಅವರ ಅಪ್ಪಣೆಯೂ ಸಿಕ್ಕಂತಾಯಿತು.

ಉಡುಪಿಯಲ್ಲಿ ನಾನು ಸೈಕಲ್ ಒಯ್ದ ಅಂಗಡಿಯವರಿಗೆ ಈ ಚರಿತ್ರೆ ಯಾವುದೂ ಬೇಕಿರಲಿಲ್ಲ. ಹಿಂದಿನ ಚಕ್ರ ಎತ್ತಿ ಫ್ರೀವೀಲ್ ಒಮ್ಮೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಕೇಳಿ, "ಇಷ್ಟು ಸಣ್ಣ ಫ್ರೀವೀಲ್ ಯಾಕೆ ಮಾರಾಯ್ರೇ? ಇದ್ರಲ್ಲಿ ಮಣಿಪಾಲಕ್ಕೆ ಹೋಗ್ಲಿಕ್ಕೆ ಆಗ್ತದಾ?" ಎಂದರು. ಆಗುವುದಿಲ್ಲ ಎಂದೇ ತಂದದ್ದು ಎಂದೆ. "ಹಾಗಾದ್ರೆ ತೆಗೆಯುವಾ."

ತೆಗೆಯುವುದೇ ದೊಡ್ಡ ಕೆಲಸ. ಹಳೆಯ ಫ್ರೀವೀಲ್ ಹಬ್‌ಗೆ ತಿರುಪಿನಿಂದ ಕೂತಿರುತ್ತದೆ. ಪ್ರತಿ ಸಲ ಪೆಡಲ್ ತುಳಿದಾಗಲೂ ಇನ್ನಷ್ಟು ಬಿಗಿಯುತ್ತದೆ. ಮೂವತ್ತು ನಲವತ್ತು ವರ್ಷ ತುಳಿದದ್ದು ಎಷ್ಟು ಬಿಗಿದಿರಬೇಕು! ಅದರ ಹೊಟ್ಟೆಯೊಳಗೆ ಎರಡೇ ಎರಡು ಕಚ್ಚು ಇದ್ದವು, ಅದಕ್ಕೆ ಹೊಂದುವ ರಿಮೂವರ್ ಅಂಗಡಿಯಲ್ಲಿ ಇರಲಿಲ್ಲ. ಅವರು ಪಕ್ಕದ ಲೇತ್‌ನಲ್ಲಿ ಒಂದು ಉಕ್ಕಿನ ತುಂಡು ಕಡೆಸಿ, ಎರಡು ಕಿವಿ ಬರುವಂತೆ ಅರದಿಂದ ತಿಕ್ಕಿ ತಂದರು. ಅದನ್ನು ಕಚ್ಚಿಗೆ ಕೂರಿಸಿ, ಜಾರದ ಹಾಗೆ ಹಬ್‌ನ ನಟ್ಟನ್ನೇ ಮೇಲಿಂದ ಬಿಗಿದು, ಉಕ್ಕಿನ ತುಂಡನ್ನು ವೈಸ್‌ನಲ್ಲಿ ಸಿಕ್ಕಿಸಿ, ಚಕ್ರವನ್ನು ಬಸ್ಸಿನ ಸ್ಟೀರಿಂಗ್ ಹಿಡಿಯುವಂತೆ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಎಳೆದರು. 'ಟಕ್' ಎಂದಿತು. ಕೂಡಲೇ ನಿಲ್ಲಿಸಿ ನಟ್ಟು ಸಡಿಲಿಸಿದರು, ಇಲ್ಲದಿದ್ದರೆ ಆಕ್ಸಲ್‌ಗೆ ಪೆಟ್ಟು. ಹಬ್ ಬೇರೆ ಬೇಕು, ರಿಮ್ ಬೇರೆ ಬೇಕು ಎಂದು ಅವಸರದಲ್ಲಿ ಮೊದಲೇ ಕಡ್ಡಿ ಕತ್ತರಿಸುವವರು ಇದನ್ನು ನೆನಪಿಡಬೇಕು: ರಿಮ್ ಹೋದ ಮೇಲೆ ಫ್ರೀವೀಲ್ ತಿರುಗಿಸಲು ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಆಮೇಲಿನದು ಸಲೀಸು. ಹಬ್‌ನ ತ್ರೆಡ್ಡು ಇಂಗ್ಲಿಷ್ ಅಳತೆಯದಾಗಿದ್ದರೆ, ಇಂದು ನಮ್ಮ ಅಂಗಡಿಗಳಲ್ಲಿ ಮಕ್ಕಳ ಗೇರ್ ಸೈಕಲ್ಲಿಗೆ ಮಾರುವ ಏಳು ಸ್ಪೀಡಿನ ಶಿಮಾನೋ ಫ್ರೀವೀಲ್ ಅದಕ್ಕೇ ಕೂರುತ್ತದೆ. ಹಿಂದಿನ ಹಬ್ ಕೂರುವ ಫೋರ್ಕಿನ ಎರಡು ಕಾಲುಗಳ ಅಂತರ 126 ಮಿ.ಮೀ. ಇದ್ದರೆ ಸಾಕು, ಆ ಕಾಲದ ಆರು ಸ್ಪೀಡಿನ ರೋಡ್ ಬೈಕುಗಳಿಗೆಲ್ಲ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಹಳೆಯ ಫ್ರೆಂಚ್ ತ್ರೆಡ್ಡಿನ ಹಬ್ ಮಾತ್ರ ಬೇರೆ, ಅದಕ್ಕೆ ಬಲವಂತ ಮಾಡಿದರೆ ಹಬ್ ಹಾಳು.

ಏಳು ಸ್ಪೀಡಿನಲ್ಲಿ ಎರಡು ಬಗೆ ಸಿಗುತ್ತವೆ. ಒಂದು 14-28, ಇನ್ನೊಂದು 14-34. ಎರಡನೆಯದು ಕಂಡರೆ ಎಲ್ಲರಿಗೂ ಆಸೆ. ಆದರೆ ಅದು 24ರಿಂದ ಒಮ್ಮೆಗೇ 34ಕ್ಕೆ ಹಾರುತ್ತದೆ; ನಡುವೆ ಏನೂ ಇಲ್ಲ. ಏರಿನ ಮಧ್ಯದಲ್ಲಿ ಗೇರು ಇಳಿಸಿದರೆ ಕಾಲು ಒಮ್ಮೆಲೇ ಗಾಳಿಯಲ್ಲಿ ತಿರುಗಿದಂತಾಗುತ್ತದೆ. ಮುಂದಿನ ಹಲ್ಲುಚಕ್ರ ಬದಲಿಸಲು ಆಗದವರಿಗೆ ಅದೇ ಗತಿ. ಹಳೆಯ ಕ್ರ್ಯಾಂಕಿನ ಐದು ಬೋಲ್ಟುಗಳ ವೃತ್ತ 130 ಮಿ.ಮೀ. ಇದ್ದರೆ 38 ಹಲ್ಲಿಗಿಂತ ಸಣ್ಣ ಚಕ್ರ ಕೂರುವುದಿಲ್ಲ, 144 ಇದ್ದರೆ 41ಕ್ಕೇ ನಿಂತಿತು. ಅಂಥವರು 38ಕ್ಕೋ 41ಕ್ಕೋ 34 ಹಾಕಿ ಸುಧಾರಿಸಿಕೊಳ್ಳಬಹುದು.

ನಾನು ಕ್ರ್ಯಾಂಕನ್ನೇ ಬದಲಿಸಿದೆ. ಹೈಬ್ರಿಡ್ ಸೈಕಲ್ಲಿನ 48-38-28ರ ಮೂರು ಚಕ್ರದ ಕ್ರ್ಯಾಂಕ್, ಹಿಂದೆ 14-28. ಮುಂದಿನ 20, ಹಿಂದಿನ 14 ಸೇರಿ ಪೂರಾ ವ್ಯತ್ಯಾಸ 34 ಹಲ್ಲು. ಹಳೆಯ ಗಿಡ್ಡ ಡಿರೈಲರಿಗೆ ಅಷ್ಟು ಚೈನು ಎಳೆದಿಡಲು ಆಗದು, ಉದ್ದ ಕೈಯದು ಬೇಕು. ಕ್ರ್ಯಾಂಕ್ ತಿರುಗುವ ಬೇರಿಂಗ್, ಅಂದರೆ ಬಾಟಮ್ ಬ್ರ್ಯಾಕೆಟ್ ಕೂಡ ಹೊಸ ಕ್ರ್ಯಾಂಕಿಗೆ ತಕ್ಕ ಉದ್ದದ ಆಕ್ಸಲಿನದು, ಸೀಲ್ ಆಗಿರುವ ಕಾರ್ಟ್ರಿಡ್ಜ್. ನನ್ನ ಫ್ರೇಮಿನಂತೆ ಇಂಗ್ಲಿಷ್ ತ್ರೆಡ್ಡಿನದಾದರೆ ಬಲಗಡೆಯ ಕಪ್ಪು ಉಲ್ಟಾ ಬಿಚ್ಚುತ್ತದೆ ಎಂಬುದನ್ನು ಸ್ಪ್ಯಾನರ್ ಹಾಕುವ ಮೊದಲೇ ಮನಸ್ಸಿಗೆ ಹೇಳಿಕೊಳ್ಳಿ. ಅತಿ ಭಾರದ ಗೇರು ಈಗ 48ಕ್ಕೆ 14. ನಿಮಿಷಕ್ಕೆ 90 ಸುತ್ತಿಗೆ ಗಂಟೆಗೆ 39 ಕಿ.ಮೀ. ಹತ್ತಿರ. ಅದಕ್ಕಿಂತ ಜೋರು ಹೋಗಬೇಕೆಂದಿದ್ದರೆ ಇಳಿಜಾರಿನಲ್ಲಿ ಸುಮ್ಮನೆ ಕೂತರಾಯಿತು.

ಐಂಡ್‌ಹೋವೆನ್‌ನ ಗೆಳೆಯನಿಗೆ ಫೋಟೋ ಕಳಿಸಿದೆ. ಗೆಜೆಲ್‌ಗೆ ಮೂರು ಚಕ್ರವೇ ಎಂದು ಅವನಿಗೆ ಎದೆ ಒಡೆದಷ್ಟು ನೋವಾಯಿತು. ಇಲ್ಲಿನ ಅಕ್ಕನ ಮಗನಿಗೂ ಸಮಾಧಾನವಿಲ್ಲ. "ಮಾಮ, ಇದು ಹೈಸ್ಕೂಲ್ ಮಕ್ಕಳ ಸೈಕಲ್ ಹಾಗೆ ಕಾಣ್ತದೆ" ಎಂದ. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ನೋಟವನ್ನೇ ನೋಡಿದವರು.

ಗೇರ್ ಲಿವರ್ ಮಾತ್ರ ಹಳೆಯದನ್ನೇ ಉಳಿಸಿದ್ದೇನೆ, ಫ್ರೇಮಿನ ಕೆಳಗಿನ ಕೊಳವೆಯ ಮೇಲಿರುವ ಎರಡು ಪುಟ್ಟ ಲಿವರ್. 1984ರಲ್ಲಿ ಶಿಮಾನೋ ತನ್ನ ರೇಸ್ ಗೇರ್ ಸೆಟ್ ಡ್ಯೂರಾ-ಏಸ್‌ನಲ್ಲಿ 'ಟಿಕ್' ಎಂದು ತಾನೇ ಕೂರುವ ಗೇರು ತಂದ ಮೇಲೆ ಇವು ಮೂಲೆ ಸೇರಿದವು. ಆದರೆ ಟಿಕ್ ಎನ್ನುವ ಲಿವರಿಗೆ ಅದರದೇ ಡಿರೈಲರು, ಅದರದೇ ಅಂತರದ ಹಲ್ಲುಗಳು ಬೇಕು. ಹಳೆಯ ಲಿವರಿಗೆ ಯಾವ ಕಂಪನಿಯ ಫ್ರೀವೀಲಾದರೂ ನಡೆಯುತ್ತದೆ, ಐದೋ ಆರೋ ಏಳೋ ಎಂಬ ಭೇದವಿಲ್ಲ. ಬ್ರಹ್ಮಾವರದಲ್ಲೋ ಹೆಬ್ರಿಯಲ್ಲೋ ಏನಾದರೂ ಮುರಿದರೆ ಅಲ್ಲಿ ಸಿಕ್ಕಿದ್ದನ್ನು ಹಾಕಿ ಮನೆ ಸೇರಬಹುದು. ಉಡುಪಿಯ ಪದ್ಧತಿ ಗೆಲ್ಲುವುದು ಇಲ್ಲೇ.

ಸೋಲುವುದು ಗ್ರೀಸಿನಲ್ಲಿ. ಡಚ್ಚರು ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ, ನಮಗೆ ಮಲ್ಪೆಯ ಗಾಳಿಯೇ ಉಪ್ಪು ತರುತ್ತದೆ. ಮೇಲಿಂದ ಆಟಿಯ ಮಳೆ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಮ್ ಸೀಟ್ ಪೋಸ್ಟ್ ಇದ್ದು, ನಡುವೆ ಉಪ್ಪುನೀರು ಸೇರಿದರೆ ಎರಡೂ ಲೋಹ ಕಚ್ಚಿಕೊಂಡು ಒಂದೇ ಆಗಿಬಿಡುತ್ತವೆ. ಅಲ್ಲಿನ ಹವ್ಯಾಸಿ ವರ್ಷಕ್ಕೊಮ್ಮೆ ಪೋಸ್ಟ್ ಎಳೆದು, ಒರೆಸಿ, ಗ್ರೀಸ್ ಹಚ್ಚಿ ಕೂರಿಸುತ್ತಾನೆ. ನಮ್ಮಲ್ಲಿ ಅದು ಸಿಕ್ಕಿಹಾಕಿಕೊಂಡ ಮೇಲೆ ಸುತ್ತಿಗೆ ತರುತ್ತಾರೆ. ಮಳೆಗಾಲದ ಮೊದಲೊಮ್ಮೆ, ಆದಮೇಲೊಮ್ಮೆ ಬಿಚ್ಚಿ ಎಂದು ಅಂಗಡಿಯವರಿಗೆ ಹೇಳಿದೆ. "ಬಿಚ್ಚಿದ್ರೆ ಗಿರಾಕಿ ದುಡ್ಡು ಕೊಡುವುದಿಲ್ಲ, ಕಾಣುವ ಕೆಲಸಕ್ಕೆ ಮಾತ್ರ ಕೊಡ್ತಾರೆ" ಎಂದರು. ಗಿರಾಕಿಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಕೊಡಿ. ಬಾಟಮ್ ಬ್ರ್ಯಾಕೆಟ್ ಕೆಳಗೆ ನೀರು ಇಳಿಯುವ ತೂತು ಇದ್ದರೆ ಪೌಡರ್ ಕೋಟಿಂಗ್ ಮಾಡಿಸುವಾಗ ಅದು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಇನ್ನು ಬ್ರೇಕು. ಡಚ್ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಎಡಗೈ ಮುಂದಿನ ಚಕ್ರಕ್ಕೆ, ಬಲಗೈ ಹಿಂದಿನದಕ್ಕೆ. ಸ್ಕೂಟರ್ ಬಿಡುವ ನಮ್ಮವರಿಗೆ ಅದು ತಿರುಗುಮುರುಗು. ಹೊರಗಿನಿಂದ ತಂದ ಸೈಕಲ್ಲಿನ ಕೇಬಲ್‌ಗಳನ್ನು ಅದಲುಬದಲು ಮಾಡಿಸದೆ ಮಣಿಪಾಲದಿಂದ ಇಳಿಯಬೇಡಿ. ರಿಮ್ ಹಳೆಯ ಉಕ್ಕಿನದಾಗಿದ್ದರೆ ಒದ್ದೆಯಾದಾಗ ಬ್ರೇಕ್ ಹಿಡಿಯುವುದಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. 36 ಕಡ್ಡಿಯ ಅಲ್ಯೂಮಿನಿಯಮ್ ರಿಮ್ ಹಾಕಿಸಿ, ಫ್ರೇಮಿನಲ್ಲಿ ಜಾಗ ಇದ್ದರೆ 28 ಮಿ.ಮೀ. ಟಯರ್ ಇರಲಿ. ಗೇರಿನ ವಿಷಯದಲ್ಲಿ ನನ್ನೊಡನೆ ಎಷ್ಟು ಬೇಕಾದರೂ ಜಗಳ ಮಾಡಿ, ಇದರಲ್ಲಿ ಬೇಡ.